ಎಗ್ಲಿಂಟನ್ ಮೊದಲು ಎಂದ ಹಲ್ಲಿನ ಡಾಕ್ಟರು

ನಮ್ಮ ಊರು ಟೂವೂಂಬಾದಲ್ಲಿ ಡೆಸ್ಮಂಡ್ ಕಿಲ್‌ಮಾರ್ಟಿನ್ ಅಂದರೆ ಹಲ್ಲು ನೆನಪಾಗುವವರು ಕಡಿಮೆ, ರಗ್ಬಿ ನೆನಪಾಗುವವರೇ ಹೆಚ್ಚು. ನಾನು ಅವರ ಕ್ಲಿನಿಕ್ಕಿನ ಮುಂದಿನ ಮೇಜಿನಲ್ಲಿ ಕೂತು ಫೋನ್ ಎತ್ತಲು ಶುರುಮಾಡಿ ಇಪ್ಪತ್ತು ವರ್ಷದ ಹತ್ತಿರವಾಯಿತು. ಚಳಿಗಾಲ ಬಂತೆಂದರೆ ಫೋನ್ ಮಾಡಿದವರು ಹಲ್ಲಿನ ಮಾತು ಮುಗಿಸಿದ ಮೇಲೂ ಇಡುವುದಿಲ್ಲ. ದನಿ ತಗ್ಗಿಸಿ, "ಈ ವರ್ಷ ಯಾರಂತೆ?" ಎಂದು ಕೇಳುತ್ತಾರೆ.

ಜುಲೈನಲ್ಲಿ, ನಮ್ಮ ಕಡೆಯ ನಡುಚಳಿಗಾಲದಲ್ಲಿ, ಖಾಸಗಿ ಶಾಲೆಗಳ ರಗ್ಬಿ ಸ್ಪರ್ಧೆ ಶುರುವಾಗುವ ಹಿಂದಿನ ದಿನ, ಶುಕ್ರವಾರ ಬೆಳಿಗ್ಗೆ, ಡೆಸ್ ನಮ್ಮ ಊರಿನ ರೇಡಿಯೊದಲ್ಲಿ ಕೂತು ಎಂಟು ಶಾಲೆಗಳಲ್ಲಿ ಯಾವುದು ಮೊದಲು ಬರುತ್ತದೆ, ಯಾವುದು ಕೊನೆಗೆ ಹೋಗುತ್ತದೆ ಎಂದು ಹೇಳುತ್ತಿದ್ದರು. ರೇಡಿಯೊದ ಬ್ಯಾರಿ ಅವರನ್ನು ಕರೆಯುತ್ತಿದ್ದದ್ದೇ 'ನಮ್ಮ ಹಲ್ಲು ಜೋಯಿಸರು' ಎಂದು. ಕೆಲವು ವರ್ಷ ಸರಿಯಾಗುತ್ತಿತ್ತು, ಕೆಲವು ವರ್ಷ ಪೂರ್ತಿ ತಲೆಕೆಳಗಾಗುತ್ತಿತ್ತು. ಆದರೂ ಕೇಳದೆ ಇರುವವರು ಇರಲಿಲ್ಲ. ಎಂಟೂ ಶಾಲೆಯ ಹುಡುಗರು ಆಡುವಾಗ ಹಲ್ಲಿಗೆ ಹಾಕುವ ಮೌತ್‌ಗಾರ್ಡ್ ಮಾಡಿಸಲು ನಮ್ಮಲ್ಲಿಗೇ ಬರುತ್ತಿದ್ದುದರಿಂದ, ಡೆಸ್‌ಗೆ ಒಳಗಿನ ಸುದ್ದಿಯೆಲ್ಲ ಗೊತ್ತು ಎಂದು ಊರಿನ ನಂಬಿಕೆ. ಅದು ತಪ್ಪು ನಂಬಿಕೆ. ಕುರ್ಚಿಯಲ್ಲಿ ಕೂತು ಹುಡುಗರು ಹೇಳಿದ್ದನ್ನು ಅವರು ಹೆಂಡತಿ ಮೊಯ್ರಾಗೂ ಹೇಳುತ್ತಿರಲಿಲ್ಲ. ಅಭ್ಯಾಸ ಪಂದ್ಯಗಳಿಗೆ ಹೋಗಿ, ಮೈದಾನದ ಅಂಚಿನ ಹಗ್ಗದ ಪಕ್ಕ ಕಾಲರ್ ಏರಿಸಿಕೊಂಡು ನಿಂತು, ಎಲ್ಲರೂ ನೋಡುವುದನ್ನೇ ನೋಡಿ ಬರುತ್ತಿದ್ದರು.

ಸ್ವಭಾವದಲ್ಲಿ ಅವರು ಅಂಜುಬುರುಕರು. ಕ್ಲಿನಿಕ್ಕಿಗೆ ಬೀಗ ಹಾಕಿ ಕಾರಿನವರೆಗೆ ಹೋದವರು ಸ್ವಿಚ್ಚು ಆರಿಸಿದೆನೋ ಇಲ್ಲವೋ ಎಂದು ವಾಪಸ್ಸು ಬರುತ್ತಾರೆ. ಹಲ್ಲು ಕೀಳುವಾಗ ಮಾತ್ರ ಕೈ ನಡುಗುವುದಿಲ್ಲ. ಒಂದು ವರ್ಷ ತಾವು ಓದಿದ ವಾರನ್‌ಡೀನ್ ಶಾಲೆಯನ್ನೇ ಏಳನೇ ಸ್ಥಾನಕ್ಕೆ ಹಾಕಿದ್ದರು. ಆ ಸಲ ಹಳೆಯ ವಿದ್ಯಾರ್ಥಿಗಳ ಊಟದಲ್ಲಿ ಅವರ ಮೇಜಿಗೆ ಮೊಯ್ರಾ ಬಿಟ್ಟು ಬೇರೆ ಯಾರೂ ಬಂದು ಕೂರಲಿಲ್ಲ. ವಾರಗಟ್ಟಲೆ ಸರಿಯಾಗಿ ಊಟ ಮಾಡಲಿಲ್ಲ ಪುಣ್ಯಾತ್ಮ.

"ಇಷ್ಟು ಕಷ್ಟ ಆಗೋದಾದ್ರೆ ಬಿಟ್ಬಿಡಿ ಡೆಸ್" ಎಂದೆ.

"ಬಿಟ್ರೆ ಹೆದರಿ ಬಿಟ್ಟ ಅಂತಾರೆ ಜಾನೆಲ್. ಅದು ಇನ್ನೂ ಕಷ್ಟ."

ನಾನು ಹೇಳಹೊರಟ ವರ್ಷ ಅವರು ಅಷ್ಟೊಂದು ಒದ್ದಾಡುವ ಅಗತ್ಯವೇ ಇರಲಿಲ್ಲ. ಎಗ್ಲಿಂಟನ್ ಕಾಲೇಜು ಗೆಲ್ಲುತ್ತದೆ ಎಂದು ಪೆಟ್ರೋಲ್ ಬಂಕಿನವನೂ ಹೇಳುತ್ತಿದ್ದ. ಕಾರಣ ಫ್ಲೆಚರ್ ಕೂಂಬ್ಸ್ ಎಂಬ ಹದಿನೇಳರ ಹುಡುಗ. ಹತ್ತನೇ ನಂಬರಿನ ಆಟಗಾರ. ಚೆಂಡು ಪ್ರತಿ ಸಲವೂ ಅವನ ಕೈಗೇ ಬರಬೇಕು. ಒದೆಯಬೇಕೋ, ಓಡಬೇಕೋ, ಇನ್ನೊಬ್ಬನಿಗೆ ಎಸೆಯಬೇಕೋ ಎಂದು ರೆಪ್ಪೆ ಬಡಿಯುವಷ್ಟರಲ್ಲಿ ತೀರ್ಮಾನಿಸುವವನು ಅವನೇ. ಪಶ್ಚಿಮದ ಬಯಲಿನಾಚೆ ಐದು ಗಂಟೆ ದಾರಿಯ ಒಂದು ಸಣ್ಣ ಊರಿನವನು. ತಾಯಿ ಕೆರಿನ್ ಅಲ್ಲಿ ಹೆದ್ದಾರಿಯ ಪಕ್ಕ ಲಾರಿಯವರ ಊಟದ ಮನೆ ನಡೆಸುತ್ತಿದ್ದಳು. ಹುಡುಗ ಶಾಲೆಯ ಹಾಸ್ಟೆಲಿನಲ್ಲಿದ್ದ. ತಾಯಿ ಮೊದಲ ಪಂದ್ಯಕ್ಕೆ ಬರುವುದೆಂದಿತ್ತು. ಅದು ವಾರನ್‌ಡೀನ್ ವಿರುದ್ಧ.

ಪಂದ್ಯಕ್ಕೆ ಮೂರು ದಿನ ಮೊದಲು, ಬುಧವಾರ ಮಧ್ಯಾಹ್ನ, ಫ್ಲೆಚರ್ ಹೊಸ ಮೌತ್‌ಗಾರ್ಡ್ ತೆಗೆದುಕೊಳ್ಳಲು ಬಂದ. ನನ್ನ ಮೇಜಿನ ಮುಂದೆ ನಿಂತು, "ಟಾಯ್ಲೆಟ್ ಎಲ್ಲಿದೆ?" ಎಂದ. ತೋರಿಸಿದೆ. ಹೋಗಿಬಂದು ಕೂತ. ಸ್ವಲ್ಪ ಹೊತ್ತಿಗೆ ಎದ್ದು ಬಂದು, "ಟಾಯ್ಲೆಟ್ ಎಲ್ಲಿದೆ?" ಎಂದ. ತಮಾಷೆ ಇರಬೇಕೆಂದು ನಕ್ಕೆ. ಅವನು ನಗಲಿಲ್ಲ.

ಒಳಗೆ ಡೆಸ್ ಕುರ್ಚಿಯನ್ನು ಹಿಂದಕ್ಕೆ ಬಾಗಿಸಿ ಮೇಲಿನ ದೀಪ ಹಾಕಿದಾಗ ಹುಡುಗ ಕೈಯಿಂದ ಮುಖ ಮುಚ್ಚಿಕೊಂಡನಂತೆ. ಮುಖ ಬೆವೆತಿತ್ತು. ಬಾಗಿಲು ಅರ್ಧ ತೆರೆದಿತ್ತು, ಮಾತು ನನಗೆ ಕೇಳುತ್ತಿತ್ತು.

"ವಾಂತಿ ಬರೋ ಹಾಗಿದ್ಯಾ?"

"ಇಲ್ಲ ಡಾಕ್ಟ್ರೇ. ಲೈಟ್ ಒಂದು ಆಫ್ ಮಾಡಿ, ಸಾಕು."

"ತಲೆಗೆ ಯಾವಾಗ ಪೆಟ್ಟು ಬಿತ್ತು?"

"ಪ್ರಾಕ್ಟೀಸಲ್ಲಿ. ಹೋದ ವಾರ. ಒಬ್ಬನ ಮೊಣಕಾಲು ತಗುಲ್ತು. ಯಾರೂ ನೋಡ್ಲಿಲ್ಲ."

"ಯಾರಿಗಾದ್ರೂ ಹೇಳಿದ್ಯೇನಪ್ಪಾ?"

"ನಿಮಗೇ ಫಸ್ಟ್. ನೀವೂ ಹೇಳಬೇಡಿ. ಶನಿವಾರ ಒಂದು ಆಗಿಬಿಡಲಿ, ಆಮೇಲೆ ನಾನೇ ಹೇಳ್ತೀನಿ. ಅಮ್ಮ ಹೋಟೆಲ್ ಮುಚ್ಚಿ ಬರ್ತಿದ್ದಾಳೆ."

ಅವನು ಹೋದ ಮೇಲೆ ಡೆಸ್ ಹೊರಗೆ ಬಂದು ನನ್ನ ಎದುರಿನ ರೋಗಿಗಳ ಕುರ್ಚಿಯಲ್ಲಿ ಕೂತರು. ಇಪ್ಪತ್ತು ವರ್ಷದಲ್ಲಿ ಅಲ್ಲಿ ಕೂತದ್ದು ನಾನು ಕಂಡಿರಲಿಲ್ಲ.

"ಇನ್ನೊಂದು ಪೆಟ್ಟು ಬಿದ್ರೆ ಹುಡುಗ ಏಳೋದೇ ಇಲ್ಲ, ಹಾಗೂ ಆಗಬಹುದು" ಎಂದರು. "ಏನೂ ಆಗದೇನೂ ಇರಬಹುದು. ನಾನೇನು ತಲೆ ಡಾಕ್ಟರಾ?"

"ಶಾಲೆಗೆ ಹೇಳಿ."

"ಹೇಳಿದ್ರೆ ಏನಂತಾರೆ ಗೊತ್ತಾ? ಶನಿವಾರ ಆಟ ವಾರನ್‌ಡೀನ್ ಮೇಲೆ. ನಾನು ವಾರನ್‌ಡೀನ್‌ನವನು. ಎದುರಾಳಿ ಟೀಮಿನ ಹತ್ತನೇ ನಂಬರನ್ನ ಹಲ್ಲು ಡಾಕ್ಟ್ರು ಕಿತ್ತುಹಾಕಿದ ಅಂತಾರೆ."

ಮೊದಲು ತಾಯಿಗೆ ಹೇಳುವುದು ಸರಿ ಎಂದು ಅವರಿಗೆ ಅನ್ನಿಸಿತು. ನಾನೇ ನಂಬರ್ ಹುಡುಕಿ ಹಚ್ಚಿದೆ. ಆ ಕಡೆ ಬಾಣಲೆಯ ಸದ್ದು, ಲಾರಿಯವರ ಗಲಾಟೆ. ಡೆಸ್ ಎಲ್ಲವನ್ನೂ ಬಿಡಿಸಿ ಹೇಳಿದರು. ಕೆರಿನ್ ಏನು ಹೇಳಿದಳೆಂದು ಫೋನ್ ಇಟ್ಟ ಮೇಲೆ ತಿಳಿಯಿತು. ಭಾನುವಾರ ಮಗ ಫೋನಿನಲ್ಲಿ ಒಂದೇ ಕಥೆಯನ್ನು ಎರಡು ಸಲ ಹೇಳಿದ್ದನಂತೆ. ಅವಳಿಗೆ ಆಗಲೇ ಅನುಮಾನ ಬಂದಿತ್ತಂತೆ. "ನಾನು ಹೇಳಿದ್ರೆ ನನ್ನ ಮಗ ನನ್ನ ಹತ್ರ ಮಾತು ಬಿಡ್ತಾನೆ. ನೀವೇ ಹೋಗಿ ಹೇಳಿ ಡಾಕ್ಟ್ರೇ, ನಿಮಗೆ ಕೈ ಮುಗೀತೀನಿ" ಎಂದಳಂತೆ.

ಗುರುವಾರ ಮಧ್ಯಾಹ್ನದ ರೋಗಿಗಳನ್ನೆಲ್ಲ ಮುಂದಕ್ಕೆ ಹಾಕು ಎಂದರು ಡೆಸ್. ಕಾರು ಓಡಿಸುವಷ್ಟು ಧೈರ್ಯ ಇಲ್ಲ, ನೀನೂ ಬಾ ಎಂದರು. ಎಗ್ಲಿಂಟನ್ನಿನ ಮೈದಾನದಲ್ಲಿ ಮಂಜು ಇಳಿದಿತ್ತು, ಕೆಂಪು ಕೆಸರು ಶೂಗೆ ಅಂಟುತ್ತಿತ್ತು. ಹುಡುಗರು ಕಾಣುತ್ತಿರಲಿಲ್ಲ, ಅವರ ಕೂಗು ಮಾತ್ರ ಕೇಳುತ್ತಿತ್ತು. ಕೋಚ್ ಸ್ಕಲಿ ಸೀಟಿ ಕೊರಳಿಗೆ ಹಾಕಿಕೊಂಡು ನಿಂತಿದ್ದ. ಡೆಸ್ ಹೇಳಿದ್ದನ್ನು ಕೇಳುತ್ತ ಕೇಳುತ್ತ ಅವನ ದವಡೆ ಬಿಗಿಯಿತು.

"ನಾಳೆ ಬೆಳಿಗ್ಗೆ ರೇಡಿಯೊ, ಅಲ್ವಾ?" ಎಂದ.

"ಅದಕ್ಕೂ ಇದಕ್ಕೂ ಸಂಬಂಧ ಇಲ್ಲ."

"ಮೊದಲ ಮ್ಯಾಚು ನಿಮ್ಮ ಶಾಲೆ ಮೇಲೆ. ಅದಕ್ಕೂ ಸಂಬಂಧ ಇಲ್ಲ, ಅಲ್ವಾ?"

ಸ್ಕಲಿ ಮಂಜಿನ ಕಡೆ ತಿರುಗಿ ಫ್ಲೆಚರನನ್ನು ಕೂಗಿದ. ಹುಡುಗ ಓಡಿ ಬಂದ. ನಮ್ಮನ್ನು ಕಂಡೊಡನೆ ಅವನ ಹೆಜ್ಜೆ ನಿಧಾನವಾಯಿತು.

"ತಲೆಗೆ ಪೆಟ್ಟು ಬಿದ್ದಿದೆಯೇನೋ?"

"ಇಲ್ಲ ಸರ್."

"ಈ ಡಾಕ್ಟ್ರ ಹತ್ರ ಹಾಗಂದ್ಯಂತೆ."

"ಇಲ್ಲ ಸರ್. ಹಲ್ಲು ನೋವು ಅಂದಿದ್ದೆ." ಡೆಸ್ ಅವರ ಮುಖವನ್ನು ಅವನು ನೋಡಲೇ ಇಲ್ಲ.

ಸ್ಕಲಿ ನಮ್ಮ ಕಡೆ ತಿರುಗಿ ಕೈ ಚಾಚಿದ. ಕೈ ಕುಲುಕುವುದಕ್ಕಲ್ಲ, ಗೇಟು ತೋರಿಸುವುದಕ್ಕೆ. "ಮಾತು ಬಂದಿದೆ ಅಂದಮೇಲೆ ಏನು ಮಾಡಬೇಕೋ ಅದು ನನಗೆ ಗೊತ್ತು. ನೀವು ಹೊರಡಿ" ಎಂದ. ಡಾಕ್ಟರಿಗೆ ತೋರಿಸುತ್ತಾನೋ, ಅಥವಾ ನಾವು ಬೇಲಿ ದಾಟುವ ಮೊದಲೇ ಮರೆಯುತ್ತಾನೋ, ಆ ಮಾತಿನಿಂದ ಏನೂ ತಿಳಿಯುವಂತಿರಲಿಲ್ಲ. ವಾಪಸ್ಸಾಗುವಾಗ ಕಾರಿನಲ್ಲಿ ಡೆಸ್ ಸೀಟ್ ಬೆಲ್ಟನ್ನು ಎರಡು ಕೈಯಲ್ಲೂ ಹಿಡಿದುಕೊಂಡು ಕೂತಿದ್ದರು.

"ನಾಳೆ ಏನು ಹೇಳ್ತೀರಿ?" ಎಂದು ಕೇಳಿದೆ.

"ಅದೇ ಗೊತ್ತಾಗ್ತಿಲ್ಲ. ಆ ಹುಡುಗ ಇಲ್ಲದಿದ್ರೆ ಎಗ್ಲಿಂಟನ್ ಐದೋ ಆರೋ. ಆದರೆ ಆರು ಅಂದ್ರೆ ಬ್ಯಾರಿ ಯಾಕೆ ಅಂತಾನೆ. ಬ್ಯಾರಿ ಬಿಟ್ರೂ ಊರು ಬಿಡಲ್ಲ. ಸಂಜೆಯೊಳಗೆ ಹುಡುಗನ ತಲೆ ವಿಷಯ ಎಲ್ಲರ ಬಾಯಲ್ಲಿರುತ್ತೆ."

ಶುಕ್ರವಾರ ಬೆಳಿಗ್ಗೆ ಕ್ಲಿನಿಕ್ಕಿನಲ್ಲಿ ನಾನು ರೇಡಿಯೊ ಹಾಕಿ ಕೂತೆ. ಕಾಯುತ್ತಿದ್ದ ಇಬ್ಬರೂ ಪತ್ರಿಕೆ ಮಡಚಿಟ್ಟರು. ಡೆಸ್ ಕೆಳಗಿನಿಂದ ಶುರುಮಾಡಿದರು. ಎಂಟನೆಯದು, ಏಳನೆಯದು, ಹೀಗೆ. ವಾರನ್‌ಡೀನ್ ಮೂರು. ಆಮೇಲೆ ಬ್ಯಾರಿ, "ಮೊದಲನೇದು ಕೇಳೋದೇ ಬೇಡ, ಅಲ್ವಾ ಜೋಯಿಸರೇ?" ಎಂದ.

ರೇಡಿಯೊದಲ್ಲಿ ಕುರ್ಚಿ ಸರಿದ ಸದ್ದು ಕೇಳಿತು. ಎದ್ದು ಬಂದರೇನೋ ಎಂದು ನನಗೆ ಭಯವಾಯಿತು.

"ಎಗ್ಲಿಂಟನ್" ಎಂದರು ಡೆಸ್.

"ದನಿ ಯಾಕೋ ಸಣ್ಣಗಾಯ್ತು?"

"ನೆಗಡಿ ಕಣಯ್ಯ. ಎಗ್ಲಿಂಟನ್ ಮೊದಲು. ಬರ್ಕೋ."

ತಮಗೇ ನಂಬಿಕೆಯಿಲ್ಲದ ಮಾತನ್ನು ಅವರು ರೇಡಿಯೊದಲ್ಲಿ ಹೇಳಿದ್ದು ಅದೊಂದೇ ಸಲ. ಹುಡುಗನ ಗುಟ್ಟು ಉಳಿಯಿತು. ಆದರೆ ಹುಡುಗ ಉಳಿದನೋ ಇಲ್ಲವೋ ತಿಳಿಯಲು ಶನಿವಾರದವರೆಗೆ ಕಾಯಬೇಕಾಗಿತ್ತು. ಅವತ್ತಿಡೀ ಶಾಲೆಯಿಂದ ಫೋನ್ ಬರಲಿಲ್ಲ. ಡೆಸ್ ಎರಡು ಸಲ ಹಚ್ಚಿದರು. ಕೋಚ್ ಸಿಗುವುದಿಲ್ಲ ಎಂದರು ಶಾಲೆಯವರು.

ಶನಿವಾರ ಪಡುವಣ ಗಾಳಿ ಮುಖ ಕತ್ತರಿಸುವಂತೆ ಬೀಸುತ್ತಿತ್ತು. ಒಂದು ಕಡೆ ಹಳೆಯ ವಿದ್ಯಾರ್ಥಿಗಳು ಶಾಲೆಯ ಪಟ್ಟೆ ಟೈ ಕಟ್ಟಿ ನಿಂತಿದ್ದರು. ಇನ್ನೊಂದು ಕಡೆ ತಾಯಂದಿರು ಕಬ್ಬಿಣದ ತಟ್ಟೆಯ ಮೇಲೆ ಸಾಸೇಜು, ಈರುಳ್ಳಿ ಹುರಿದು ಬ್ರೆಡ್ಡಿನಲ್ಲಿ ಸುತ್ತಿ ಕೊಡುತ್ತಿದ್ದರು. ಮೊಯ್ರಾ ತಂದುಕೊಟ್ಟದ್ದನ್ನು ಡೆಸ್ ಕೈಯಲ್ಲೇ ಹಿಡಿದುಕೊಂಡಿದ್ದರು, ಎಣ್ಣೆ ಮಣಿಕಟ್ಟಿನ ತನಕ ಇಳಿಯುತ್ತಿತ್ತು. ಹೋಗುವವರು ಬರುವವರೆಲ್ಲ ಬೆನ್ನು ತಟ್ಟುತ್ತಿದ್ದರು. "ಏನ್ ಜೋಯಿಸರೇ, ಸ್ವಂತ ಶಾಲೆನೇ ಮಾರಿಬಿಟ್ರಲ್ಲ" ಎಂದ ಒಬ್ಬ. ಡೆಸ್ ನಗಲು ನೋಡಿದರು, ಆಗಲಿಲ್ಲ.

ಎಗ್ಲಿಂಟನ್ ಹುಡುಗರು ಓಡುತ್ತ ಮೈದಾನಕ್ಕೆ ಬಂದರು. ನಾನು ಬೆನ್ನಿನ ನಂಬರುಗಳನ್ನು ಹುಡುಕಿದೆ. ಹತ್ತು ಕಾಣಿಸಿತು. ಕೂದಲು ಫ್ಲೆಚರನದೇ ಬಣ್ಣ. ಡೆಸ್ ನನ್ನ ತೋಳು ಹಿಡಿದರು, ನೋವಾಗುವಷ್ಟು ಬಿಗಿಯಾಗಿ. "ಹೋಗಿ ನಿಲ್ಲಿಸ್ತೀನಿ" ಎಂದು ಹಗ್ಗದ ಕೆಳಗೆ ಬಗ್ಗಿಯೂಬಿಟ್ಟರು. ಅಷ್ಟರಲ್ಲಿ ಹುಡುಗ ಇತ್ತ ತಿರುಗಿದ. ಬೇರೆ ಯಾರೋ. ಇನ್ನೂ ಎಳೆಯ ಮುಖ, ಹೆದರಿದ ಕಣ್ಣು. ಫ್ಲೆಚರ್ ಆಚೆ ಬದಿಯ ಬೆಂಚಿನಲ್ಲಿ, ಶಾಲೆಯ ಕೋಟು ಹಾಕಿ, ಕಪ್ಪು ಕನ್ನಡಕದಲ್ಲಿ ಕೂತಿದ್ದ.

ಡೆಸ್ ಅಲ್ಲೇ ಹುಲ್ಲಿನ ಮೇಲೆ ಕುಸಿದು ಕೂತರು. ಕಾಲು ಜಾರಿತೆಂದು ಜನ ನಕ್ಕರು.

ಎಗ್ಲಿಂಟನ್ ಕೆಟ್ಟದಾಗಿ ಸೋತಿತು. ಆಟ ಮುಗಿಯುವ ಹೊತ್ತಿಗೆ ಕೆರಿನ್ ನಮ್ಮನ್ನು ಹುಡುಕಿಕೊಂಡು ಬಂದಳು. ಗುರುವಾರ ಸಂಜೆಯೇ ಸ್ಕಲಿ ಹುಡುಗನನ್ನು ಆಸ್ಪತ್ರೆಗೆ ಕರೆದೊಯ್ದಿದ್ದನಂತೆ, ದಾರಿಯುದ್ದಕ್ಕೂ ಬೈಯುತ್ತ. ಮೆದುಳಿಗೆ ಪೆಟ್ಟಾಗಿರುವುದು ನಿಜ, ಈ ವರ್ಷ ಆಟ ಬೇಡ ಎಂದರಂತೆ ಅಲ್ಲಿ.

"ನಿಮಗೆ ಥ್ಯಾಂಕ್ಸ್ ಹೇಳಬೇಕು" ಎಂದಳು ಕೆರಿನ್. "ಆದರೆ ಈಗ ನನ್ನ ಕೈಲಿ ಆಗ್ತಿಲ್ಲ. ಎರಡು ದಿನದಿಂದ ಅವನು ನನ್ನ ಹತ್ರಾನೂ ಮಾತಾಡ್ತಿಲ್ಲ."

"ಬೇಡಮ್ಮ. ತಲೆನೋವು ಹೇಗಿದೆ?"

"ಇದೆ ಅಂತ ಆಸ್ಪತ್ರೇಲಿ ಒಪ್ಕೊಂಡ್ನಂತೆ. ಅಷ್ಟೇ."

ಸ್ಪರ್ಧೆ ಮುಗಿಯುವ ಹೊತ್ತಿಗೆ ಎಗ್ಲಿಂಟನ್ ಆರನೇ ಸ್ಥಾನಕ್ಕೆ ಹೋಗಿತ್ತು. ಆ ವರ್ಷದುದ್ದಕ್ಕೂ ಡೆಸ್ ಬೇಕರಿಯಲ್ಲಿ, ಚರ್ಚಿನ ಬಾಗಿಲಲ್ಲಿ, ಕೊನೆಗೆ ಕುರ್ಚಿಯಲ್ಲಿ ಬಾಯಿ ಮರಗಟ್ಟಿಸಿಕೊಂಡ ರೋಗಿಗಳಿಂದಲೂ ತಮಾಷೆ ಕೇಳಿದರು. ಹುಡುಗನಿಗೆ ಹುಷಾರಿಲ್ಲದ್ದು ಆಮೇಲೆ ಊರಿಗೆ ಗೊತ್ತಾಯಿತು. ಅದು ಡೆಸ್‌ಗೆ ಮೊದಲೇ ಗೊತ್ತಿತ್ತೆಂಬುದು ಗೊತ್ತಾಗಲಿಲ್ಲ. ಸ್ಕಲಿ ಹೇಳಲಿಲ್ಲ, ಅಷ್ಟು ಮಟ್ಟಿಗೆ ಅವನು ಒಳ್ಳೆಯವನೇ. "ಮೊದಲೇ ಗೊತ್ತಿತ್ತು ಅಂತ ಒಂದು ಮಾತು ಹೇಳಿ, ಬಾಯಿ ಮುಚ್ತಾರೆ" ಎಂದು ನಾನೇ ಎಷ್ಟೋ ಸಲ ಹೇಳಿದೆ. ಅವರು ಒಪ್ಪಲಿಲ್ಲ. ಅವರ ಚಿಂತೆ ಬೇರೆಯಾಗಿತ್ತು. ಆ ಹುಡುಗನ ಶಾಲೆಯ ಕೊನೆಯ ವರ್ಷವನ್ನು ಕಿತ್ತುಕೊಂಡದ್ದು ಸರಿಯೇ, ಆಡಿದ್ದರೂ ಏನೂ ಆಗುತ್ತಿರಲಿಲ್ಲವೇನೋ ಎಂದು ಉಪಕರಣ ತೊಳೆಯುತ್ತ ತೊಳೆಯುತ್ತ ಕೇಳುತ್ತಿದ್ದರು. ಸರಿ ಎಂದು ನಾನು ಹೇಳಿದರೆ ತಲೆಯಾಡಿಸುತ್ತಿದ್ದರು. ಮಾರನೆಯ ದಿನ ಮತ್ತೆ ಅದೇ ಪ್ರಶ್ನೆ.

ಫ್ಲೆಚರ್ ನಮ್ಮ ಕ್ಲಿನಿಕ್ಕಿಗೆ ಮತ್ತೆ ಬರಲಿಲ್ಲ. ಪರೀಕ್ಷೆ ಹೇಗೋ ಮುಗಿಸಿ ಊರಿಗೆ ಹೋದನೆಂದು ಕೇಳಿದೆವು.

ಡಿಸೆಂಬರಿನಲ್ಲಿ ಕೆರಿನ್ ಫೋನ್ ಮಾಡಿ ಮಗಳಿಗೆ ಸಮಯ ಕೇಳಿದಳು. ಅವರ ಹತ್ತಿರದ ಊರಿನಲ್ಲೇ ಹಲ್ಲಿನ ಡಾಕ್ಟರಿದ್ದಾರೆ, ನನಗೆ ಗೊತ್ತು. ಏನೂ ಹೇಳದೆ ಬರೆದುಕೊಂಡೆ. ಡೆಸ್ ಆ ವಾರವೆಲ್ಲ, "ಬರ್ತಾರಂತಾ? ಖಂಡಿತಾನಾ?" ಎಂದು ಕೇಳಿದರು.

ಬಂದರು. ಹನ್ನೆರಡರ ಹುಡುಗಿ, ಹೆಸರು ಟಿಲಿ, ಕಾಲು ಆಡಿಸುತ್ತ ಕುರ್ಚಿ ಹತ್ತಿದಳು. ಡೆಸ್ ಬಾಯಿ ತೆರೆ ಎಂದರು. ಅವಳು ತೆರೆಯಲಿಲ್ಲ.

"ನಿಮ್ಮ ಹತ್ರ ಬಾಯಿ ಬಿಟ್ರೆ ಮುಗೀತು ಅಂತ ಅಣ್ಣ ಹೇಳಿದ್ದಾನೆ."

ಬಾಗಿಲಲ್ಲಿ ನಿಂತಿದ್ದ ಕೆರಿನ್ ಹುಬ್ಬು ಗಂಟಿಕ್ಕಿದಳು. ಡೆಸ್ ಮುಖಗವಸಿನೊಳಗೆ ಒಂದು ಸಲ ನಕ್ಕರು, ತಕ್ಷಣ ಗಂಭೀರರಾದರು.

"ನಿಮ್ಮಣ್ಣ ಚೆನ್ನಾಗಿ ನಿದ್ದೆ ಮಾಡ್ತಾನಾ?"

"ಹೂಂ, ಗೊರಕೆ ಬೇರೆ. ನಿನ್ನೆ ಇಡೀ ದಿನ ಬಿಸಿಲಲ್ಲಿ ಮೀನು ಹಿಡೀತಾ ಕೂತಿದ್ದ. ಒಂದೂ ಸಿಗ್ಲಿಲ್ಲ."

"ಹೇಳಿದ್ದನ್ನೇ ಮತ್ತೆ ಮತ್ತೆ ಹೇಳ್ತಾನಾ?"

"ಅವನಲ್ಲ, ಹಾಗೆ ಹೇಳೋದು ನಮ್ಮಮ್ಮ" ಎಂದು ಟಿಲಿ ಬಾಯಿ ತೆರೆದಳು.