ಗೋಳಗುಮ್ಮಟದಲ್ಲಿ ಶಂಕ್ರೆವ್ವನ ಪಿಸುಮಾತು

ನನ್ನ ಹೆಂಡತಿ ಶಂಕ್ರೆವ್ವ ಬನಹಟ್ಟಿಯಲ್ಲಿ ನಲವತ್ತು ವರ್ಷ ಮಗ್ಗದ ಪಕ್ಕದಲ್ಲೇ ಕೂತು ನೂಲು ಸುತ್ತಿದವಳು. ಮನೆಯಲ್ಲಿ ನಾಲ್ಕು ಪಾವರ್‌ಲೂಮ್. ಆ ಖಟಖಟದಲ್ಲಿ ಎದುರಿಗಿದ್ದವರಿಗೆ ಮಾತು ಮುಟ್ಟಬೇಕಾದರೆ ಕೂಗಲೇಬೇಕು. ಗುಟ್ಟನ್ನೂ ಅವಳು ಕೂಗಿಯೇ ಹೇಳುತ್ತಾಳೆ. ಮಗ್ಗದ ಸದ್ದು ಅದನ್ನು ನುಂಗಿಬಿಡುತ್ತದೆ. ಮದುವೆಯಲ್ಲಿ ನನ್ನ ಹೆಸರಿಟ್ಟು ಒಡಪು ಹೇಳಿದಾಗ ಅಷ್ಟು ದೂರದ ಜಮಖಂಡಿ ಪೇಟೆಯಲ್ಲಿ ಎರಡು ಎತ್ತು ಬೆದರಿದ್ದವು. ನಂಬದಿದ್ದರೆ ಎತ್ತುಗಳನ್ನೇ ಕೇಳಿ.

ಇಂಥವಳು ಕಳೆದ ತಿಂಗಳು ಒಮ್ಮೆಲೇ, “ಮೊಮ್ಮಕ್ಕಳಿಗೆ ಗೋಳಗುಮ್ಮಟ ತೋರ್ಸೂಣು” ಎಂದಳು. ನನಗೆ ಆಗಲೇ ವಾಸನೆ ಹತ್ತಿತು. ಮಗ ಬಾಳೇಶ ಮಗ್ಗ ನಿಲ್ಲಿಸಿ ಬಾಡಿಗೆ ಕಾರು ತಂದ. ನನ್ನ ಚೀಲದಲ್ಲಿ ಎರಡು ಧೋತರ, ಟವೆಲ್ಲು, ಸಾಲದ್ದಕ್ಕೆ ಆಧಾರ್ ಕಾರ್ಡು! ಗುಮ್ಮಟ ನೋಡಲು ಇಷ್ಟೆಲ್ಲ ಯಾಕೆ?

ದಾರಿಯಲ್ಲಿ ಮೊಮ್ಮಗಳು ಐಶ್ವರ್ಯ, “ಅಜ್ಜಾ, ಮುಂದಿನ ಲಾರಿ ನಂಬರ್ ಓದ ನೋಡೂಣು” ಎಂದಳು.

“ಲಾರಿ ಓಡಾಕತ್ತೈತಿ, ನಂಬರೂ ಓಡಾಕತ್ತಾವ. ಹೆಂಗ ಓದ್ಲಿ?”

ಅವಳ ತಮ್ಮ ಚಿದಾನಂದ ಕಿಸಕ್ಕೆಂದ. ಶಂಕ್ರೆವ್ವ ಬಾಳೇಶನ ಮುಖ ನೋಡಿದಳು. ಇದು ಆಟವಲ್ಲ, ಪರೀಕ್ಷೆ ಎಂದುಕೊಂಡೆ. ವರ್ಷದಿಂದ ನನ್ನ ಕಣ್ಣ ಮುಂದೆ ಹಬೆ ಹಿಡಿದ ಗಾಜು ಇಟ್ಟಂತಿತ್ತು. ಯಾರಿಗೂ ಹೇಳಿರಲಿಲ್ಲ. ಕಣ್ಣಿಗೆ ಕತ್ತರಿ ಹಾಕುತ್ತಾರೆಂದು ನೆನೆದರೇ ನನ್ನ ಧೋತರ ಸಡಿಲಾಗುತ್ತದೆ.

ಐಶ್ವರ್ಯಳ ಹೆಗಲು ಹಿಡಿದು ಗುಮ್ಮಟದ ಮೇಲಿನ ಸುತ್ತು ಮೊಗಸಾಲೆಗೆ ಹತ್ತಿದೆ.

“ಮೂವತ್ತ ವರ್ಷದ ಹಿಂದ ನಾ ಇಲ್ಲೆ ಸೀನಿದ್ದೆ. ಆ ಸೀನು ಇನ್ನೂ ತಿರಗಾಕತ್ತೈತಿ, ತಲಿ ಬಗ್ಗಸ್ರಿ” ಎಂದೆ. ಚಿದಾನಂದ ನಿಜವಾಗಿಯೂ ತಲೆ ಬಗ್ಗಿಸಿದ.

ಅಷ್ಟರಲ್ಲಿ ಶಂಕ್ರೆವ್ವ ಬಾಳೇಶನನ್ನು ಎಳೆದುಕೊಂಡು ಎದುರು ಬದಿಗೆ ಹೋಗಿದ್ದಳು. ಪಿಸುಮಾತನ್ನೂ ಎದುರು ಬದಿಗೆ ಮುಟ್ಟಿಸುವ ಆ ಗೋಡೆಯ ಗುಣ ಅವಳಿಗೆ ತಿಳಿಯದು. ಅಷ್ಟು ದೂರ ನಿಂತು ತನ್ನ ಲೆಕ್ಕದಲ್ಲಿ ಪಿಸುಗುಟ್ಟಿದಳು. ಇಲ್ಲಿ ಮಗ್ಗ ಇರಲಿಲ್ಲ.

“ಕಣ್ಣಿನ ಡಾಕ್ಟರ್ ನಾಕ ಗಂಟೇಕ ಬಾ ಅಂದಾರ. ಇವ್ರಿಗೆ ಗೊತ್ತಾಗಬಾರದು. ಊಟಾ ಮಾಡ್ಸಿ ಸೀದಾ ಒಯ್ಯೂಣು.”

“ಯವ್ವಾ, ಸಣ್ಣಗ ಮಾತಾಡ!” ಎಂದ ಬಾಳೇಶನ ಮಾತೂ ಸ್ವಚ್ಛ ಕೇಳಿತು. ಗುಮ್ಮಟ ಎಲ್ಲವನ್ನೂ ಏಳೇಳು ಸಲ ಹೇಳಿತು. ಐಶ್ವರ್ಯ ಹಣೆ ಬಡಿದುಕೊಂಡಳು.

ನಾನೂ ಗೋಡೆಗೆ ಬಾಯಿ ಹಚ್ಚಿದೆ. “ನಾ ಬರಾಂಗಿಲ್ಲ! ನಂದು ಗರುಡನ ಕಣ್ಣು!”

“ಹೌದ್ರಿ? ಮೊನ್ನೆ ಐಶೂ ಅಂತ ತಿಳದು ಬಾಜೂ ಮನಿ ಹುಡುಗೀನ ಸಾಲಿಗೆ ಬಿಟ್ಟ ಬಂದ್ರಿ!” ಎಂದಳು ಶಂಕ್ರೆವ್ವ.

ನೋಡಲು ಬಂದವರೆಲ್ಲ ನಕ್ಕರು. ಆ ನಗುವೂ ಏಳು ಸಲ. ಎಲ್ಲಿಂದಲೋ ಗುರುತಿಲ್ಲದ ಹೆಂಗಸಿನ ದನಿ ಬಂತು: “ಹೋಗ್ರಿ ಯಜಮಾನ್ರ, ನನಗೂ ಕಣ್ಣಿನ ಆಪರೇಶನ್ ಮಾಡ್ಯಾರ. ಇರುವಿ ಕಡದಷ್ಟೂ ನೋಯಾಂಗಿಲ್ಲ.” ಆಕೆಯನ್ನೂ ಬಾಳೇಶನೇ ಕರೆತಂದಿರಬೇಕೆಂದು ಇವತ್ತಿಗೂ ನನಗೆ ಸಂಶಯ.

ಸಿಟ್ಟಿನಿಂದ ಒಬ್ಬನೇ ಇಳಿಯಲು ಹೊರಟೆ. ಮೊದಲ ಮೆಟ್ಟಿಲು ಮಸುಕಾಗಿ ಕಂಡಿತು. ಎರಡನೆಯದು ಇರಲೇ ಇಲ್ಲ. ಕಾಲು ಚಾಚಿ ಹುಡುಕಿದೆ, ಸಿಗಲಿಲ್ಲ. ಹಿಂದೆ ಶಂಕ್ರೆವ್ವನ ಬಳೆ ಸದ್ದಾಯಿತು. ಅವಳು ಬಂದು ಪಕ್ಕದಲ್ಲಿ ನಿಂತಳು.

“ನಾಕ ಗಂಟೆ ಅಂದ್ರ, ಮೊದಲ ಒಂದ ಚಾ ಆಗತೈತೇನು?” ಎಂದೆ.

“ಚಾ ಕುಡಿಯೂ ತನಕಾ ನಿಮ್ಮ ಚಪ್ಲಿ ನನ್ನ ಕೈಯಾಗ ಇರತಾವ್ರಿ, ಓಡಿ ಹೋಗಬಾರದಲ್ರಿ” ಎಂದು ಅವಳು ನನ್ನ ಮುಂಗೈ ಹಿಡಿದು, ತಾನು ಮೊದಲು ಇಳಿದಳು.