ಸೀರೆ ಡಬ್ಬಿಯಲ್ಲಿ ಡೇರೆ ಗಡ್ಡೆ

ಮೊನ್ನೆ ಮಧ್ಯಾಹ್ನ ಮೊದಲ ಗುಡುಗು ಕೇಳಿದ್ದೇ ತಡ, ನನ್ನ ಹೆಂಡತಿ ಮಂಚದ ಕೆಳಗಿನಿಂದ ಹಳೆಯ ಸೀರೆ ಡಬ್ಬಿಯೊಂದನ್ನು ಎಳೆದು ತಂದು ನನ್ನ ಮುಂದಿಟ್ಟಳು. ಮುಚ್ಚಳ ತೆಗೆದರೆ ಒಣ ಮರಳಿನ ವಾಸನೆ, ಅದರ ಜೊತೆಗೆ ಹಸಿ ಗೆಣಸಿನಂಥ ಇನ್ನೊಂದು ವಾಸನೆ. ಮರಳು ಸರಿಸಿದೆ. ಒಳಗೆ ಡೇರೆ ಹೂವಿನ ಗಡ್ಡೆಗಳು ಗೊಂಚಲಾಗಿ ಮಲಗಿದ್ದವು. ಮಳೆಗಾಲದಲ್ಲಿ ತಟ್ಟೆಯಗಲ ಅರಳುವ ಹೂವು ಅದು. ಗಿಡ ಒಣಗಿದ ಮೇಲೆ ಗಡ್ಡೆ ಕಿತ್ತು ಮರಳಲ್ಲಿ ಕಾಪಿಟ್ಟು, ಮುಂದಿನ ಮಳೆಗೆ ಮತ್ತೆ ನೆಡುವುದು ನಮ್ಮ ಶಿರಸಿಯ ಹೆಂಗಸರಿಗೆ ಹಬ್ಬ ಮಾಡಿದಷ್ಟೇ ಮುಖ್ಯ. ಆದರೆ ಆ ವಾಸನೆ ಬಂದರೆ ನನಗೆ ಹೂವು ನೆನಪಾಗುವುದಿಲ್ಲ. ಪಕ್ಕದ ಮನೆಯ ಕಂಡಕ್ಟರ್ ನೆನಪಾಗುತ್ತಾರೆ. ಹೊಟ್ಟೆಯಲ್ಲಿ ಎಲ್ಲೋ ಸಣ್ಣಗೆ ಉರಿಯಲು ಶುರುವಾಗುತ್ತದೆ...

ಈಗ ಅವರಿಲ್ಲ. ಇಲ್ಲದವರ ಮೇಲೆ ಹೊಟ್ಟೆಕಿಚ್ಚು ಪಡಬಾರದು ಎನ್ನುತ್ತಾರೆ. ಹಾಗೆ ಎನ್ನುವವರ ಪಕ್ಕದ ಮನೆಯಲ್ಲಿ ಅಂಥ ಗಂಡಸು ಇರಲಿಲ್ಲ, ಅಷ್ಟೇ.

ನಾವು ಆಗಲೂ ಪೇಟೆಗೆ ಹತ್ತಿರದ ಇದೇ ಸಾಲುಮನೆಯಲ್ಲಿ ಬಾಡಿಗೆಗಿದ್ದೆವು. ಎರಡು ಮನೆಗಳ ಹಿತ್ತಿಲ ನಡುವೆ ಎದೆಯೆತ್ತರದ ಒಂದು ಗೋಡೆ. ಆಚೆ ಕಂಡಕ್ಟರ್ ಮತ್ತು ಅವರ ಹೆಂಡತಿ, ಈಚೆ ನಾವಿಬ್ಬರು. ಅವರು ಮುಂಡಗೋಡದ ಕಡೆಯವರು, ಬಸ್ಸಿನ ಕೆಲಸಕ್ಕೆಂದು ಇಲ್ಲಿಗೆ ಬಂದವರು. ನಾನು ಸೀರೆ ಅಂಗಡಿಯಲ್ಲಿ ಸೇಲ್ಸ್‌ಮನ್, ಈಗಲೂ ಅದೇ. ಇಬ್ಬರ ಸಂಬಳವೂ ತಿಂಗಳ ಕೊನೆಗೆ ನೆಲ ಕಚ್ಚುವಂಥದ್ದೇ. ಹಾಗಾಗಿ, ಅವರ ಹತ್ತಿರ ದುಡ್ಡಿತ್ತು, ತಂದರು ಎಂದು ಹೇಳಿ ಸಮಾಧಾನ ಮಾಡಿಕೊಳ್ಳುವ ದಾರಿಯೂ ನನಗೆ ಇರಲಿಲ್ಲ.

ಅವರು ದಿನವೂ ಹೆಂಡತಿಗೆ ಏನಾದರೊಂದು ತರುತ್ತಿದ್ದರು. ಕಿರವತ್ತಿಯ ಕಡೆ ಡ್ಯೂಟಿ ಬಿದ್ದರೆ ಖಾಲಿ ಊಟದ ಡಬ್ಬಿಯಲ್ಲಿ ಅಲ್ಲಿಯ ಢಾಬಾದ ಹುರಿದ ಹಸಿಮೆಣಸಿನಕಾಯಿ. ಅವಳಿಗೆ ಅದು ಪ್ರಾಣ. ಬೇಸಿಗೆಯಲ್ಲಿ ಯಲ್ಲಾಪುರದ ದಾರಿಯಲ್ಲಿ ಯಾರೋ ಪ್ರಯಾಣಿಕಳಿಂದ ಕೇಳಿ ಪಡೆದ ಸುರಗಿ ಹೂವಿನ ಮಾಲೆ, ಒಣಗಿದಷ್ಟೂ ಪರಿಮಳ ಬರುವಂಥದ್ದು. ಅವಳ ಹುಟ್ಟುಹಬ್ಬಕ್ಕೆ ಒಮ್ಮೆ ತಮ್ಮದೇ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟಿಗೆ ಟವೆಲ್ ಹಾಕಿಟ್ಟು ಸಿದ್ದಾಪುರದವರೆಗೆ ಕರೆದುಕೊಂಡು ಹೋಗಿ ಬಂದಿದ್ದರು. ತಮ್ಮ ಜೇಬಿನಿಂದ ದುಡ್ಡು ಹಾಕಿ ಟಿಕೆಟನ್ನೂ ಹರಿದು ಕೊಟ್ಟಿದ್ದರಂತೆ. ಆ ಟಿಕೆಟನ್ನು ಆ ಹೆಂಗಸು ದೇವರ ಫೋಟೋದ ಹಿಂದೆ ಇಟ್ಟಿದ್ದಳು. ಅಕ್ಷರವೆಲ್ಲ ಮಾಸಿ ಬಿಳಿ ಚೂರಾಗಿದ್ದರೂ ತೆಗೆದಿರಲಿಲ್ಲ.

ಇವೆಲ್ಲ ನನಗೆ ಹೇಗೆ ಗೊತ್ತು ಅಂದರೆ, ದಿನಾ ಸಂಜೆ ಆ ಗೋಡೆಯ ಮೇಲೆ ಅದರದ್ದೇ ಪ್ರದರ್ಶನ. ನಾನು ಅಂಗಡಿಯಿಂದ ಬಂದು ಕೈಕಾಲು ತೊಳೆಯುವ ಹೊತ್ತಿಗೆ ಸರಿಯಾಗಿ ಅವಳು ತೋರಿಸುವುದು, ಇವಳು ನೋಡುವುದು. ನನ್ನ ಹೆಂಡತಿ ನನ್ನೊಡನೆ ಒಂದು ಮಾತೂ ಹೋಲಿಸಿ ಆಡಿದವಳಲ್ಲ. ಆಡಿದ್ದರೆ ಜಗಳ ಮಾಡಿ ಹಗುರಾಗುತ್ತಿದ್ದೆ. ಅವಳು ಸುಮ್ಮನೆ ಆ ಸುರಗಿ ಮಾಲೆಯನ್ನು ಮೂಸಿ ವಾಪಸ್ಸು ಕೊಟ್ಟಳು. ಆಗ ಅವಳ ಮುಖದಲ್ಲಿ ಒಂದು ಬೆಳಕು ಬಂದು ಹೋದದ್ದನ್ನು ಬಚ್ಚಲಿನ ಬಾಗಿಲಲ್ಲಿ ನಿಂತು ನೋಡಿದೆ. ನಾನು ತಂದ ಯಾವ ವಸ್ತುವಿಗೂ ಆ ಬೆಳಕು ಬಂದದ್ದಿಲ್ಲ.

ನಾನು ತರುತ್ತಿದ್ದುದಾದರೂ ಏನು? ಸೀರೆ. ದಾರ ಎಳೆದದ್ದು, ಸೆರಗಿನ ಮೂಲೆಯಲ್ಲಿ ಬಣ್ಣ ಕಚ್ಚಿದ್ದು, ಮಾಲೀಕರು ನಮಗೆ ಕಡಿಮೆ ದರಕ್ಕೆ ಬಿಟ್ಟುಕೊಡುವಂಥದ್ದು. ದಿನವಿಡೀ ಊರ ಗಂಡಸರಿಗೆಲ್ಲ ಅವರವರ ಹೆಂಡತಿಯರಿಗೆ ಒಪ್ಪುವ ಬಣ್ಣ ಆರಿಸಿ ಕೊಡುವವನು ನಾನು. ನನ್ನ ಕೈಗುಣ ಚೆನ್ನ ಎಂದು ನನ್ನನ್ನೇ ಹುಡುಕಿ ಬರುವವರಿದ್ದರು. ಮನೆಗೆ ತಂದ ಸೀರೆಯನ್ನು ಮಾತ್ರ ನನ್ನ ಹೆಂಡತಿ ಬಿಡಿಸಿ ನೋಡಿ, "ಚೊಲೋ ಇದ್ದು" ಎಂದು ಮಡಚಿ ಕಪಾಟಿನಲ್ಲಿ ಇಡುತ್ತಿದ್ದಳು. ಚೊಲೋ ಇದ್ದು... ಗಿರಾಕಿಗಳು ಕೊಳ್ಳದೆ ಎದ್ದು ಹೋಗುವಾಗ ಹೇಳುವ ಮಾತು ಅದು.

ಒಂದು ದಿನ ಆ ಮನುಷ್ಯ ನಮ್ಮ ಅಂಗಡಿಗೇ ಬಂದರು. ಖಾಕಿ ಅಂಗಿಯ ಜೇಬಿನಿಂದ ಮಡಚಿದ ಟಿಕೆಟ್ ಚೂರೊಂದನ್ನು ತೆಗೆದು ಬಿಡಿಸಿದರು. ಒಳಗೆ ಒಂದು ಎಳೆ ದಾರ.

"ನಮ್ಮ ಮನಿಯಾಕಿ ಮದಿವಿ ಸೀರಿದು. ಕುಬಸ ಹರದೈತಿ. ಇದಕ್ಕ ಜೋಡಿ ಆಗೋದು ಒಂದ್ ತುಂಡು ಕೊಡ್ರಿ. ಸೀರಿನೂ ಹೊಸಾದು ಅನ್ನೋಹಂಗ ಆಗ್ಬೇಕು," ಎಂದರು.

ಬಣ್ಣ ಎಲ್ಲಿದೆ ಎಂದು ನನಗೆ ಆ ಕ್ಷಣವೇ ಗೊತ್ತಾಗಿತ್ತು. ತುಂಡು ಬಟ್ಟೆಗಳ ಬುಟ್ಟಿಯಲ್ಲಿ ಇತ್ತು. ಆದರೂ ನಾನು ಅದರ ಪಕ್ಕದ ಬಣ್ಣ ತೋರಿಸಿದೆ, ದುಬಾರಿಯದನ್ನು ಹರಡಿದೆ, ಇದೇ ಸರಿ ಎಂದು ಅಡ್ಡಡ್ಡ ವಾದಿಸಿದೆ. ಅವರು ಬೇಸರ ಮಾಡಿಕೊಳ್ಳದೆ ಒಂದೊಂದನ್ನೂ ಬಾಗಿಲ ಬೆಳಕಿಗೆ ಒಯ್ದು, ದಾರ ಹಿಡಿದು ನೋಡಿ ತಂದಿಟ್ಟರು. ಕೊನೆಗೆ ತಾವೇ ಬುಟ್ಟಿಗೆ ಕೈ ಹಾಕಿ ಅದನ್ನೇ ಎಳೆದು ತೆಗೆದರು. ಆ ವಾರವೆಲ್ಲ ಆ ಹೆಂಗಸು ಅದೇ ಸೀರೆ, ಅದೇ ಕುಪ್ಪಸ ಹಾಕಿಕೊಂಡು ಗೋಡೆಯಾಚೆ ಓಡಾಡಿದಳು. ನನ್ನ ಹೆಂಡತಿ ಅನ್ನ ಬಡಿಸುತ್ತ, "ಒಂದು ಎಳೆ ದಾರ ಜೇಬಲ್ಲಿ ಇಟ್ಗಂಡು ತಿರುಗಿದ್ರಡ," ಎಂದಳು. ಅಷ್ಟೇ. ನಾನು ಅರ್ಧಕ್ಕೇ ಎದ್ದು ಕೈ ತೊಳೆದೆ.

ಆಗಲೇ ತೀರ್ಮಾನ ಮಾಡಿದೆ. ಒಂದು ಸಲ, ಒಂದೇ ಒಂದು ಸಲ, ನಾನು ಕೊಟ್ಟದ್ದಕ್ಕೆ ಇವಳ ಮುಖ ಹಾಗೆ ಅರಳಬೇಕು. ಅದನ್ನು ಆ ಗೋಡೆಯಾಚೆಯವರು ನೋಡಬೇಕು.

ನಾವು ಮದುವೆಯಾದ ದಿನ ಹತ್ತಿರ ಬರುತ್ತಿತ್ತು. ಕೈಯಲ್ಲಿ ದುಡ್ಡಿರಲಿಲ್ಲ. ತವರಿನ ಡೇರೆ ಹೂಗಳ ಮಾತನ್ನು ನನ್ನ ಹೆಂಡತಿ ಆಗಾಗ ಆಡುತ್ತಿದ್ದುದು ನೆನಪಾಯಿತು. ಚಂದಗುಳಿ ಕಡೆಯ ಒಬ್ಬ ಗಿರಾಕಿ ಹೆಂಗಸು ನಮ್ಮಲ್ಲಿ ಬಟ್ಟೆ ಒಯ್ಯುತ್ತಿದ್ದರು. ಅವರನ್ನು ಕಾಡಿ ಬೇಡಿ ಒಂದು ಗಡ್ಡೆ ತರಿಸಿಕೊಂಡೆ. ಒಳ್ಳೆಯ ಕೆಂಪು ಜಾತಿ ಎಂದು ಹೇಳಿ ಕೊಟ್ಟರು. ಗಡ್ಡೆ ದಪ್ಪಗೆ ಚೆನ್ನಾಗಿತ್ತು, ಆದರೆ ಮೈತುಂಬ ಮಣ್ಣು, ತುದಿಗೆ ಒಣಗಿದ ಕುತ್ತಿಗೆ, ಅದಕ್ಕೆ ಅಂಟಿದ ಹಳೆಯ ದಂಟಿನ ಮೋಟು. ಉಡುಗೊರೆ ಕೊಡುವುದೆಂದರೆ ಹೀಗೆಯೇ ಕೊಡಲಿಕ್ಕಾಗುತ್ತದೆಯೆ? ಸೀರೆಯಲ್ಲಿ ಹೊರಬಂದ ದಾರ ಕಂಡರೆ ಕತ್ತರಿಸದೆ ಬಿಡುವ ಕೈಯಲ್ಲ ನನ್ನದು. ಗಡ್ಡೆಯನ್ನು ತೊಳೆದೆ. ಅಂಗಡಿಯ ಕತ್ತರಿಯಿಂದ ಆ ಕುತ್ತಿಗೆಯನ್ನು ನೀಟಾಗಿ ಕತ್ತರಿಸಿ ತೆಗೆದೆ. ಒರೆಸಿ, ಸೀರೆ ಡಬ್ಬಿಯಲ್ಲಿ ಬಣ್ಣದ ಕಾಗದದ ಮೇಲಿಟ್ಟು, ರಿಬ್ಬನ್ ಕಟ್ಟಿ ಮನೆಗೆ ತಂದೆ.

ಅವಳು ಡಬ್ಬಿ ತೆರೆದಳು. ಗಡ್ಡೆಯನ್ನು ಕೈಯಲ್ಲಿ ತಿರುಗಿಸಿ ತಿರುಗಿಸಿ ನೋಡಿದಳು. ನನ್ನನ್ನು ನೋಡಿದಳು. ಎದ್ದು ಹೋಗಿ ನನ್ನೆದುರೇ ಕುಂಡದಲ್ಲಿ ಮಣ್ಣು ತುಂಬಿ ನೆಟ್ಟಳು.

ಮಳೆ ಹಿಡಿಯಿತು. ಆಚೆಯ ಹಿತ್ತಿಲಲ್ಲಿ ಕಂಡಕ್ಟರ್ ಎಕ್ಕಂಬಿಯ ಯಾರದೋ ಮನೆಯಿಂದ ಹೆಂಡತಿಗೆಂದು ಬೇಡಿ ತಂದ ಡೇರೆ ಆಗಲೇ ಚಿಗುರಿ ಗೇಣುದ್ದ ಬಂದಿತ್ತು. ಅದರಲ್ಲೂ ಅವರೇ ಮುಂದೆ! ನಾನು ದಿನಾ ಸಂಜೆ ಅಂಗಡಿಯಿಂದ ಬಂದವನೇ ಕುಂಡದ ಹತ್ತಿರ ಹೋಗುತ್ತಿದ್ದೆ. ಬರೀ ಮಣ್ಣು. ಮರುದಿನವೂ ಮಣ್ಣು. ಆಚೆಯ ಗಿಡದ ಎಲೆಗಳನ್ನು ನೋಡಿದರೆ ಬೇರಿಗೆ ಬಿಸಿನೀರು ಹೊಯ್ಯೋಣ ಅನಿಸುತ್ತಿತ್ತು. ಹೊಯ್ಯಲಿಲ್ಲ ಅನ್ನುವುದೊಂದೇ ನನ್ನ ಹೆಚ್ಚುಗಾರಿಕೆ.

ಆಮೇಲೆ ಒಂದು ಸಂಜೆ ಬಂದು ನೋಡಿದರೆ ನಮ್ಮ ಕುಂಡದಲ್ಲಿ ಚಿಗುರು. ಚಿಗುರಲ್ಲ, ಎಲೆ ಬಿಟ್ಟ ಗಿಡವೇ. ನಾಲ್ಕು ದಿನ ವ್ಯಾಪಾರದ ಗಡಿಬಿಡಿಯಲ್ಲಿ ಕತ್ತಲಾದ ಮೇಲೆ ಬಂದಿದ್ದೆ, ಅಷ್ಟರಲ್ಲಿ ಬೆಳೆದುಬಿಟ್ಟಿದೆ ಎಂದುಕೊಂಡೆ. ಶ್ರಾವಣದಲ್ಲಿ ಹೂವು ಬಿಟ್ಟಿತು. ಕೆಂಪು ಎಂದಿದ್ದರು, ಬಂದದ್ದು ತಿಳಿ ನೇರಳೆ, ಎಸಳಿನ ತುದಿ ಮಾತ್ರ ಬಿಳಿ. ಮಣ್ಣಿನ ಗುಣ ಇರಬೇಕು ಎಂದುಕೊಂಡೆ. ಅಂದು ನನ್ನ ಹೆಂಡತಿ ಹೂವನ್ನು ನೋಡಿ, ನನ್ನನ್ನು ನೋಡಿ ನಕ್ಕಳು. ಆ ಬೆಳಕು... ಅದೇ ಬೆಳಕು. ಗೋಡೆಯಾಚೆಯಿಂದ ಕಂಡಕ್ಟರ್ ಕತ್ತು ಉದ್ದ ಮಾಡಿ ನೋಡಿದರು.

"ಏನ್ರಿ, ಭಾಳ ಚಲೋ ಬಣ್ಣ ಹಿಡದೀರಿ. ನಮ್ಮ ಹಿತ್ತಲದಾಗ ಇಂಥಾದ್ದು ಒಂದೂ ಇಲ್ಲ ನೋಡ್ರಿ."

ನಾನು ಗೆದ್ದೆ. ಹೌದು, ಆ ದಿನ ನನಗೆ ಗೆದ್ದೆ ಅನಿಸಿತು. ಅವರ ಹಿತ್ತಿಲಲ್ಲಿ ಆ ವರ್ಷ ಡೇರೆಯೇ ಅರಳಲಿಲ್ಲ. ಕೊಳೆತಿರಬೇಕು ಎಂದು ಒಳಗೊಳಗೇ ಖುಷಿಪಟ್ಟೆ.

ಕೆಲ ವರ್ಷಕ್ಕೆ ಅವರಿಗೆ ಸಿದ್ದಾಪುರಕ್ಕೆ ವರ್ಗವಾಯಿತು. ನನ್ನ ಹೊಟ್ಟೆ ತಣ್ಣಗಾಯಿತು. ನಮ್ಮ ಗಡ್ಡೆ ವರ್ಷ ವರ್ಷ ಮರಿಯಾಗುತ್ತ ಕುಂಡಗಳು ಹೆಚ್ಚಿದವು. ಕಳೆದ ಚಳಿಗಾಲದಲ್ಲಿ ಸುದ್ದಿ ಬಂತು, ಡ್ಯೂಟಿ ಮುಗಿಸಿ ಬಂದು ಕುಳಿತವರು ಹಾಗೇ ಒರಗಿದರಂತೆ. ನಾವಿಬ್ಬರೂ ಮಾತಾಡಿಸಿಕೊಂಡು ಬರಲು ಹೋದೆವು. ಆ ಹೆಂಗಸು ಅಳಲಿಲ್ಲ. ಒಂದು ಟ್ರಂಕು ತೆರೆದು ತೋರಿಸಿದಳು. ಒಣ ಸುರಗಿ, ಬಿಳಿಯಾದ ಟಿಕೆಟು, ಆ ಕುಪ್ಪಸ. ಆಮೇಲೆ ನನ್ನ ಹೆಂಡತಿಯ ಕೈ ಹಿಡಿದು ಕೇಳಿದಳು.

"ಅಕ್ಕಾರ, ಆ ಎಕ್ಕಂಬಿ ಗಡ್ಡಿ ಇನ್ನೂ ಐತೇನ್ರಿ? ಅವರು ತಂದದ್ದು ಎಲ್ಲಾ ಐತ್ರಿ ನನ್ನ ಹತ್ರ. ಅದೊಂದ ಇಲ್ಲ."

ನನ್ನ ಹೆಂಡತಿ ತಲೆ ತಗ್ಗಿಸಿದಳು. ಆ ಹೆಂಗಸು ನನ್ನ ಮುಖ ನೋಡಿ, ಆಡಬಾರದ್ದನ್ನು ಆಡಿದೆನೇನೋ ಎಂಬಂತೆ ಚಹಾ ಮಾಡಲು ಎದ್ದು ಹೋದಳು.

ವಾಪಸ್ಸು ಬರುವ ಬಸ್ಸಿನಲ್ಲಿ, ಅದು ಯಾವ ಎಕ್ಕಂಬಿ ಗಡ್ಡೆ ಎಂದು ಕೇಳಿದೆ. ಇವಳು ಕಿಟಕಿಯಾಚೆ ನೋಡುತ್ತಲೇ ಹೇಳಿದಳು, "ಡಬ್ಬಿ ತೆಗೆದಾಗ್ಲೇ ಗೊತ್ತಾತು. ಕುತ್ತಿಗೆನೇ ಇತ್ತಿಲ್ಲೆ. ಕಣ್ಣು ಇಪ್ಪದು ಅಲ್ಲೇ. ಕಣ್ಣಿಲ್ದೆ ಗಡ್ಡೆ ಚಿಗುರ್ತಿಲ್ಲೆ."

"ಮತ್ತೆ ಎಂತಕ್ಕೆ ನೆಟ್ಟೆ?"

"ನಿಂಗ ಎದುರಿಗೇ ನಿಂತಿದ್ರಿ."

ಕಿಟಕಿಯಿಂದ ನನ್ನ ಕಡೆ ತಿರುಗಿ ಅವಳೇ ಮುಂದುವರಿಸಿದಳು. "ದಿನಾ ಬಂದು ಚಪ್ಪಲಿನೂ ತೆಗೆಯದೇ ಕುಂಡ ನೋಡ್ತಿದ್ರಿ. ಯಂಗೆ ನೋಡಲೆ ಆಗಿದ್ದಿಲ್ಲೆ. ಗೋಡೆ ಹತ್ರ ಹೋಗಿ ಅವಳಿಗೆ ಹೇಳಿದೆ. ಕಂಡಕ್ಟರೂ ಅಲ್ಲೇ ಇದ್ರು. ಇಬ್ರೂ ಸೇರಿ ಮಣ್ಣು ಸಮೇತ ಕಿತ್ತು ಕೊಟ್ರು. ನಿಂಗಕ್ಕೆ ಹೇಳದು ಬ್ಯಾಡ ಅಂದ್ರು."

ನಾನು ಗೆದ್ದೆ ಎಂದುಕೊಂಡ ಹೂವು ಅವರದ್ದು. ಆ ಗೆಲುವೂ ಅವರು ಕೊಟ್ಟದ್ದು. ನನ್ನ ಹೆಂಡತಿಯ ಹತ್ತಿರ ನನಗೆ ಗೊತ್ತಿಲ್ಲದ ಒಂದು ಮಾತು ಇಷ್ಟು ವರ್ಷ ಇತ್ತು, ಅದರಲ್ಲೂ ಅವರಿಗೆ ಪಾಲಿತ್ತು. ಕೃತಜ್ಞತೆ ಬರಬೇಕಿತ್ತು, ಬಂದದ್ದು ಉರಿ.

ಮೊನ್ನೆ ಇವಳು ಮುಂದಿಟ್ಟದ್ದು ಆ ಗಡ್ಡೆಗಳನ್ನೇ. ಚಾಕುವಿನಿಂದ ಗೊಂಚಲು ಬಿಡಿಸಿದೆ. ಪ್ರತಿ ಗಡ್ಡೆಗೂ ಕುತ್ತಿಗೆ ಬರುವಂತೆ, ಕುತ್ತಿಗೆಯಲ್ಲಿ ಕಣ್ಣಿರುವಂತೆ. ಸಿದ್ದಾಪುರದ ಆ ಹೆಂಗಸಿಗೆಂದು ಮೊದಲು ಸಣ್ಣದೊಂದನ್ನು ಎತ್ತಿಟ್ಟೆ. ಸುಳ್ಳು ಯಾಕೆ ಹೇಳಲಿ, ದೊಡ್ಡದನ್ನು ಕೊಡಲು ಕೈ ಬರಲಿಲ್ಲ. ಇವಳು ಪಕ್ಕದಲ್ಲಿ ಕುಳಿತು ನೋಡುತ್ತಿದ್ದಳು. ಸಣ್ಣದನ್ನು ವಾಪಸ್ಸು ಮರಳಿಗೆ ಹಾಕಿ, ಇದ್ದುದರಲ್ಲೇ ದಪ್ಪದ್ದನ್ನು, ಆಗಲೇ ಕಣ್ಣು ಕೆಂಪಗೆ ಉಬ್ಬಿದ್ದನ್ನು ಆರಿಸಿದೆ. ಅಂಗಡಿಯಿಂದ ಹೊಸ ಡಬ್ಬಿ ತಂದು ಮಣ್ಣಿನ ಸಮೇತ ಇಟ್ಟು ರಿಬ್ಬನ್ ಕಟ್ಟಿದೆ. ನನ್ನ ಹೆಂಡತಿ ನನ್ನನ್ನು ನೋಡಿ ನಕ್ಕಳು. ಅದೇ ಬೆಳಕು, ಈ ಸಲ ಅಲ್ಲಿ ಹೂವು ಇರಲಿಲ್ಲ.

ಗೋಡೆಯಾಚೆ ಈಗ ಬೇರೆ ಯಾರೋ ಇದ್ದಾರೆ. ಕತ್ತು ಉದ್ದ ಮಾಡಿ ನೋಡುವವರಲ್ಲ. ಹೊಟ್ಟೆಕಿಚ್ಚು ಪಡುವುದಕ್ಕಾದರೂ ಆ ಮನುಷ್ಯ ಇರಬೇಕಿತ್ತು ಅನಿಸುತ್ತದೆ...

ಭಾನುವಾರ ಸಿದ್ದಾಪುರದ ಬಸ್ಸು ಹತ್ತಬೇಕು. ಡಬ್ಬಿ ನನ್ನ ತೊಡೆಯ ಮೇಲಿರುತ್ತದೆ, ರಿಬ್ಬನ್ ಕಟ್ಟಿದ್ದು ನಾನು, ಟಿಕೆಟ್ ತೆಗೆಯುವವನೂ ನಾನೇ. ಆದರೆ ಅದನ್ನು ತೆರೆದಾಗ ಆ ಹೆಂಗಸಿಗೆ ಸಿಗುವುದು ಮತ್ತೆ ಅವಳ ಗಂಡನ ಉಡುಗೊರೆಯೇ. ಸತ್ತ ಮೇಲೂ ಹೆಂಡತಿಗೆ ಉಡುಗೊರೆ ಕಳಿಸುವ ಗಂಡಸಿನ ಜೊತೆ ನಾನು ಹೇಗೆ ಪೈಪೋಟಿ ಮಾಡಲಿ?