ಕೀಳದೆ ಬಿಟ್ಟ ಗಿಡ

ನಮ್ಮ ಸಾಹೇಬನ ಹೆಸರಿನಲ್ಲಿ ಹನ್ನೊಂದು ಪೇಟೆಂಟುಗಳಿದ್ದವು. ಎಂಟು ಮುಸುಕಿನ ಜೋಳದ ತಳಿಗಳವು, ಮೂರು ಸೋಯಾ ಅವರೆಯವು. ಒಂದೊಂದಕ್ಕೂ ಹಿತ್ತಾಳೆ ತಗಡು ಹೊಡೆದ ಮರದ ಫಲಕವನ್ನು ನಮ್ಮ ಬೀಜದ ಕಂಪನಿ ಮಾಡಿಸಿಕೊಟ್ಟಿತ್ತು. ಅವನ್ನೆಲ್ಲ ಅವನು ತನ್ನ ಕೋಣೆಯ ಗೋಡೆಗೆ ದೇವರ ಪಟಗಳ ಹಾಗೆ ಸಾಲಾಗಿ ನೇತುಹಾಕಿದ್ದ. ಆದರೆ ಆ ಮಹಾಶಯ ಹೊಲಕ್ಕೆ ಬರುತ್ತಿದ್ದದ್ದು ವರ್ಷಕ್ಕೆ ಎರಡೇ ಸಲ: ಮೇಲಿನವರು ಯಾರಾದರೂ ಭೇಟಿಗೆ ಬಂದಾಗ, ಇಲ್ಲವೇ ಫೋಟೋ ತೆಗೆಯುವವನು ಬಂದಾಗ. ಹೊಸ ಬೂಟಿಗೆ ಮಣ್ಣಾಗದಂತೆ ಸಾಲಿನ ತುದಿಯಲ್ಲೇ ನಿಂತು, ಎಲೆಯೊಂದನ್ನು ಹಿಡಿದು, ಕಣ್ಣು ಕಿರಿದು ಮಾಡಿ ನೋಡುತ್ತಿದ್ದ. ಒಮ್ಮೆ ಹಾಗೆ ಹಿಡಿದುಕೊಂಡದ್ದು ಕಳೆಗಿಡದ ಎಲೆ. ಫೋಟೋ ಚೆನ್ನಾಗಿಯೇ ಬಂತು, ಕಂಪನಿಯ ಪತ್ರಿಕೆಯಲ್ಲಿ ಅಚ್ಚೂ ಆಯಿತು.

ತೊಂಬತ್ತರ ದಶಕದ ನಡುಭಾಗದ ಮಾತು. ರಿಸರ್ಚ್ ಟ್ರಯಾಂಗಲ್ ಪಾರ್ಕ್ ಎಂಬ ಸಂಶೋಧನಾ ಕಂಪನಿಗಳ ಬಡಾವಣೆಯ ಪೈನ್ ಮರಗಳ ನಡುವೆ ನಮ್ಮ ಕಚೇರಿ, ಅಲ್ಲಿಂದ ಪೂರ್ವಕ್ಕೆ ಒಂದು ಗಂಟೆಯ ದಾರಿಯಲ್ಲಿ ನಮ್ಮ ಹೊಲ. ಹಿಂದೆ ತಂಬಾಕು ಬೆಳೆಯುತ್ತಿದ್ದ ಮರಳು ನೆಲ ಅದು. ನಾನು ಹೆಬ್ಬಾಳದಲ್ಲಿ ಕೃಷಿ ಓದಿ, ಕಚೇರಿಗೆ ಹತ್ತಿರದ ರಾಲಿಯಲ್ಲಿ ಪಿಎಚ್.ಡಿ. ಮುಗಿಸಿ, ವರ್ಕ್ ವೀಸಾದ ಮೇಲೆ ಸೋಯಾ ವಿಭಾಗಕ್ಕೆ ಸೇರಿದ್ದೆ. ನನ್ನ ಗಂಡ ಮೆಕ್ಯಾನಿಕಲ್ ಎಂಜಿನಿಯರ್. ನನ್ನ ವೀಸಾದ ಬಾಲ ಹಿಡಿದು ಬಂದವರಾದ್ದರಿಂದ ಅವರು ಕೆಲಸಕ್ಕೆ ಹೋಗುವ ಹಾಗಿರಲಿಲ್ಲ. ಮನೆಯಲ್ಲಿ ಸಾರು ಮಾಡುತ್ತ, ಪೇಪರಿನಲ್ಲಿ ತಮಗೆ ಸಿಗಲಾರದ ಕೆಲಸಗಳ ಜಾಹೀರಾತಿಗೆ ಗೀಟು ಹಾಕುತ್ತ ಕೂತಿರುತ್ತಿದ್ದರು. ನನಗೆ ಗ್ರೀನ್ ಕಾರ್ಡ್ ಬಂದರೆ ಅವರಿಗೂ ಬದುಕು ಬರುತ್ತಿತ್ತು.

ಬೀಜಕ್ಕೆ ಪೇಟೆಂಟ್ ಎಂದರೆ ಏನೆಂದು ಊರಿನಿಂದ ಬಂದವರಿಗೆ ವಿವರಿಸುವುದೇ ನಾಚಿಕೆಗೇಡು. ಹೂವು ಇಂಥ ಬಣ್ಣ, ಕಾಯಿಯ ಮೇಲಿನ ರೋಮ ಇಂಥ ಬಣ್ಣ, ಕಾಳಿನ ಕಣ್ಣು ಇಂಥ ಬಣ್ಣ ಎಂದು ಹೆಣ್ಣು ತೋರಿಸುವವರ ಹಾಗೆ ಲಕ್ಷಣಗಳನ್ನೆಲ್ಲ ಬರೆದು, ಒಂದಿಷ್ಟು ಬೀಜವನ್ನು ಶೀತಲ ಭಂಡಾರದಲ್ಲಿ ಠೇವಣಿ ಇಟ್ಟು, ‘ಇದು ನಾವು ಕಂಡುಹಿಡಿದದ್ದು’ ಎಂದು ಪ್ರಮಾಣ ಮಾಡುವುದು. ಆಮೇಲೆ ನಮ್ಮ ಅಪ್ಪಣೆಯಿಲ್ಲದೆ ಯಾರೂ ಅದನ್ನು ಬೆಳೆಯಕೂಡದು. ಬೆಳೆದವನೂ ಮುಂದಿನ ಬಿತ್ತನೆಗೆಂದು ಒಂದು ಹಿಡಿ ಕಾಳು ಎತ್ತಿಡಕೂಡದು. ಮಳೆ, ಬಿಸಿಲು, ಮಣ್ಣು, ನೂರಾರು ತಲೆಮಾರಿನ ರೈತರು ಮಾಡಿದ್ದು ಅದರಲ್ಲಿ ಎಷ್ಟು ಎಂದು ಅರ್ಜಿಯಲ್ಲಿ ಯಾರೂ ಕೇಳುವುದಿಲ್ಲ. ಗೆದ್ದಲು ಕಟ್ಟಿದ ಹುತ್ತದಲ್ಲಿ ಹಾವು ಸೇರಿಕೊಂಡಿತಂತೆ. ನಮ್ಮ ಹಾವಿಗೆ ಟೈ ಇತ್ತು, ಅಷ್ಟೇ ವ್ಯತ್ಯಾಸ.

ಹೊಲವನ್ನು ನಿಜವಾಗಿ ನಡೆಸುತ್ತಿದ್ದವರು ಕಪ್ಪು ಜನಾಂಗದ ಒಬ್ಬ ಹಿರಿಯ ಹೆಂಗಸು. ಅರವತ್ತಕ್ಕೆ ಹತ್ತಿರದ ವಯಸ್ಸು. ಅಪ್ಪನ ತಂಬಾಕಿನ ಹೊಲದಲ್ಲಿ ಬೆಳೆದವರು, ಹೈಸ್ಕೂಲು ಮುಗಿಸಿರಲಿಲ್ಲ. ಕಾಗದದಲ್ಲಿ ಅವರ ಹುದ್ದೆ ‘ಸಹಾಯಕಿ’. ಸಾಲಿನ ನಡುವೆ ನಡೆಯುತ್ತ ನಡೆಯುತ್ತಲೇ, ಬಗ್ಗದೆ, ಈ ಗಿಡದ ಬೇರಿನಲ್ಲಿ ಹುಳು ಸೇರಿದೆ ಎಂದು ಹೇಳುತ್ತಿದ್ದರು. ನಾನು ಅಗೆದು, ತೊಳೆದು, ಸೂಕ್ಷ್ಮದರ್ಶಕದಲ್ಲಿ ನೋಡಿ, ಎರಡು ದಿನದ ಮೇಲೆ ಹೌದು ಎನ್ನುತ್ತಿದ್ದೆ. ಅದಕ್ಕೆ ನನಗೆ ಅವರ ಮೂರರಷ್ಟು ಸಂಬಳ.

ನಮ್ಮಲ್ಲಿ ಒಂದು ಪದ್ಧತಿಯಿತ್ತು. ಹೊಲದಲ್ಲಿ ಬರೆಯುವುದೆಲ್ಲ ಪೆನ್ಸಿಲಿನಲ್ಲಿ, ಏಕೆಂದರೆ ಇಂಕು ಇಬ್ಬನಿಗೆ, ಬೆವರಿಗೆ ಕದಡಿಹೋಗುತ್ತದೆ. ಸಹಾಯಕರು ಗಿಡಕ್ಕೆ ಚೀಟಿ ಕಟ್ಟಿ, ಕಂಡದ್ದನ್ನು ತಾರೀಕು ಹಾಕಿ ಬರೆಯಬೇಕು. ವಿಜ್ಞಾನಿಗಳೆನಿಸಿಕೊಂಡ ನಾವು ಅದನ್ನು ಕಚೇರಿಯ ದಪ್ಪ ನೋಟ್‌ಬುಕ್ಕಿಗೆ ಇಂಕಿನಲ್ಲಿ ಇಳಿಸಿ ಸಹಿ ಹಾಕಬೇಕು. ಇಳಿಸಿದ ಮೇಲೆ ಚೀಟಿ ಕಸದ ಬುಟ್ಟಿಗೆ. ನೋಟ್‌ಬುಕ್ಕಿನಲ್ಲಿ ‘ನೋಡಿದೆ’, ‘ಆಯ್ದೆ’ ಎಂದೇ ಬರೆಯುವುದು ರೂಢಿ. ಯಾರು ನೋಡಿದರು, ಯಾರು ಆಯ್ದರು ಎಂದು ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ. ಕೈ ಕೆಸರಾದರೆ ಬಾಯಿ ಮೊಸರು ಎಂಬ ಗಾದೆ ಸುಳ್ಳಲ್ಲ, ಆದರೆ ನಮ್ಮಲ್ಲಿ ಕೈ ಒಬ್ಬರದು, ಬಾಯಿ ಇನ್ನೊಬ್ಬರದು.

ಒಂದು ಆಗಸ್ಟಿನ ಶುಕ್ರವಾರ ನಾನು ಅವರಿಗೆ, ಹೊಲದ ಒಂದು ಪಟ್ಟಿಯಲ್ಲಿನ ಬೆರಕೆ ಗಿಡಗಳನ್ನೆಲ್ಲ ಸೋಮವಾರದೊಳಗೆ ಕಿತ್ತುಬಿಡಿ ಎಂದು ಹೇಳಿ ಹೊರಟೆ. ಆ ಪಟ್ಟಿಯ ಗಿಡಗಳೆಲ್ಲ ನೇರಳೆ ಹೂವಿನವು. ಬೇರೆ ಬಣ್ಣದ ಹೂ ಕಂಡರೆ ಅದು ಬೆರಕೆ, ಕೀಳಬೇಕು, ಅದು ನಿಯಮ. ನಾವು ಜಾರ್ಜಿಯಾದ ಅಟ್ಲಾಂಟಾ ಹತ್ತಿರದ ಕಮ್ಮಿಂಗ್‌ಗೆ ಹೋಗುವವರಿದ್ದೆವು. ಶನಿವಾರ ಗಂಡನ ಗೆಳೆಯರೊಬ್ಬರ ಹೊಸ ಮನೆಯ ಗೃಹಪ್ರವೇಶ.

ಆ ಮನೆಯಲ್ಲಿ ನಾಲ್ಕು ಬಚ್ಚಲುಗಳಿದ್ದವು, ಪುಸ್ತಕ ಒಂದೂ ಇರಲಿಲ್ಲ. ಹೋಮದ ಹೊಗೆಗೆ ಅಲಾರಂ ಹೊಡೆದುಕೊಂಡೀತೆಂದು ಹೋಮವನ್ನು ಗ್ಯಾರೇಜಿನಲ್ಲಿ ಮಾಡಿದರು. ಅಗ್ನಿದೇವನಿಗೆ ಒಂದು ಪಕ್ಕ ಹುಲ್ಲು ಕತ್ತರಿಸುವ ಯಂತ್ರ, ಇನ್ನೊಂದು ಪಕ್ಕ ಹೊಸ ಹೋಂಡಾ. ಬಂದವರೆಲ್ಲ, ಮನೆಯ ವಿಳಾಸ ನೋಡಿ ಮಕ್ಕಳಿಗೆ ಶಾಲೆ ಕೊಡುವ ಸ್ಕೂಲ್ ಡಿಸ್ಟ್ರಿಕ್ಟಿನ ಬಗ್ಗೆ ವೇದ ಪಾರಾಯಣ ಮಾಡುತ್ತಿದ್ದರು. ಮೈಸೂರಿನ ಕಡೆಯ ಒಬ್ಬ ಅಂಕಲ್ ನನ್ನನ್ನು ಹಿಡಿದುಕೊಂಡರು.

“ಏನಮ್ಮ ನೀನು ವರ್ಕ್ ಮಾಡೋದು?”

“ಸೋಯಾಬೀನ್ ಬ್ರೀಡಿಂಗ್, ಅಂಕಲ್.”

“ಅಂದ್ರೆ ಅಗ್ರಿಕಲ್ಚರ್ರಾ? ಪಿಎಚ್‌ಡಿ ಮಾಡ್ಬಿಟ್ಟು ಹೊಲದಲ್ಲಾ? ಅಯ್ಯೋ, ಒಂದು ಕಂಪ್ಯೂಟರ್ ಕೋರ್ಸ್ ಮಾಡ್ಬಿಡಮ್ಮ, ಸಿಕ್ಸ್ ಮಂತ್ಸ್ ಸಾಕು. ನಮ್ಮ ಕಂಪನೀಲೇ ರೆಫರ್ ಮಾಡ್ತೀನಿ.”

ಅವರ ಕೈಯ ತಟ್ಟೆಯಲ್ಲಿದ್ದ ಪೂರಿ ಕರಿದದ್ದು ಸೋಯಾ ಎಣ್ಣೆಯಲ್ಲಿ. ಹೇಳಿದರೂ ಪ್ರಯೋಜನವಿರಲಿಲ್ಲ, ಸುಮ್ಮನೆ ನಕ್ಕೆ.

ಸೋಮವಾರ ಹೊಲಕ್ಕೆ ಹೋದರೆ, ಪಟ್ಟಿಯ ನಡುವೆ ಬಿಳಿ ಹೂವಿನ ಗಿಡವೊಂದು ರಾಜಾರೋಷವಾಗಿ ನಿಂತಿತ್ತು. ಸಿಟ್ಟು ನೆತ್ತಿಗೇರಿತು. ಅವರನ್ನು ಕರೆದು, ನಾನು ಹೇಳಿದ್ದು ಅರ್ಥವಾಗಲಿಲ್ಲವೇ ಎಂದು ಎಲ್ಲರೆದುರೇ ಗದರಿದೆ.

“ಅರ್ಥವಾಯಿತು ಡಾಕ್ಟರ್,” ಎಂದರು ಅವರು. “ಬೈಯೋ ಮೊದಲು ಸುತ್ತ ನೋಡಿ.”

ನೋಡಿದೆ. ಆ ಸಾಲಿನ ಗಿಡಗಳೆಲ್ಲ ಬೇರಿನ ಹುಳುವಿಗೆ ಹಳದಿಯಾಗಿ ಸೊರಗಿದ್ದವು. ಬಿಳಿ ಹೂವಿನ ಗಿಡ ಮಾತ್ರ ಕಡು ಹಸಿರು. ಅವರು ಶನಿವಾರ ಒಬ್ಬರೇ ಬಂದು, ಬುಡದ ಮಣ್ಣನ್ನು ಬೆರಳಿನಲ್ಲಿ ಕೆದಕಿ ಬೇರು ನೋಡಿ, ಮತ್ತೆ ಮಣ್ಣು ಮುಚ್ಚಿ ಚೀಟಿ ಕಟ್ಟಿದ್ದರು: ‘ಬಿಳಿ ಹೂ. ಬೇರು ಚೊಕ್ಕಟ. ಕೀಳಲಿಲ್ಲ.’ ಕೆಳಗೆ ಶನಿವಾರದ ತಾರೀಕು. ನಾನು ಕ್ಷಮೆ ಕೇಳಲಿಲ್ಲ. ಕಚೇರಿಗೆ ಹೋಗಿ, ರೂಢಿಯಂತೆ, ಅದೇ ತಾರೀಕು ಹಾಕಿ ‘ಬಿಳಿ ಹೂವಿನ ಒಂದು ಗಿಡವನ್ನು ಆಯ್ದೆ’ ಎಂದು ಇಂಕಿನಲ್ಲಿ ಬರೆದು ಸಹಿ ಹಾಕಿದೆ. ಚೀಟಿ ಬುಟ್ಟಿಗೆ ಹೋಯಿತು.

ಆ ಒಂದು ಗಿಡದ ಕಾಳು ಮುಂದಿನ ವರ್ಷ ಒಂದು ಸಾಲಾಯಿತು, ಅದರ ಮುಂದಿನ ವರ್ಷ ಒಂದು ಹೊಲ. ಹುಳುವಿದ್ದ ನೆಲದಲ್ಲಿ ಉಳಿದ ತಳಿಗಳು ಮಲಗಿದರೆ ಇದು ಎದೆ ಸೆಟೆಸಿ ನಿಂತಿತು. ಸಾಹೇಬನ ಮೂಗಿಗೆ ಫಲಕದ ವಾಸನೆ ಬಡಿಯಿತು. ಪೇಟೆಂಟ್ ಅರ್ಜಿಯಲ್ಲಿ ಎರಡು ಹೆಸರು, ಮೊದಲು ಅವನದು, ಆಮೇಲೆ ನನ್ನದು. ಅವನು ಮಾಡಿದ ಕೆಲಸವೇನೆಂದರೆ ವಿಭಾಗದ ಮುಖ್ಯಸ್ಥನಾಗಿದ್ದದ್ದು.

ಅಷ್ಟರಲ್ಲಿ ಹೊಲದ ಕೇಂದ್ರವನ್ನು ಮುಚ್ಚುತ್ತಾರೆಂಬ ಸುದ್ದಿ ಹಬ್ಬಿತು. ಸಾಹೇಬ ನನ್ನನ್ನು ಕರೆದು, ಪೇಟೆಂಟಿನಲ್ಲಿ ಹೆಸರಿದ್ದವರನ್ನು ಕಂಪನಿ ಮುಟ್ಟುವುದಿಲ್ಲ, ನಿನಗೆ ಭಯ ಬೇಡ ಎಂದ. ಆ ಮಾತು ಕೇಳಿದ ಕೂಡಲೇ ನನಗೆ ನೆನಪಾದದ್ದು ಆ ಹಿರಿಯ ಹೆಂಗಸೇ. ಆ ಗಿಡವನ್ನು ಆಯ್ದವರು ಅವರು. ಮೂರನೆಯ ಹೆಸರು ಅವರದಾದರೆ ಅವರ ಕೆಲಸ ಉಳಿಯುತ್ತಿತ್ತು. ಆದರೆ ಹಾಗೆ ಹೇಳಬೇಕಾದರೆ, ನೋಟ್‌ಬುಕ್ಕಿನಲ್ಲಿ ನಾನು ಬರೆದದ್ದು ಸುಳ್ಳು, ಆ ದಿನ ನಾನು ಜಾರ್ಜಿಯಾದಲ್ಲಿ ಪೂರಿ ತಿನ್ನುತ್ತಿದ್ದೆ ಎಂದೂ ಹೇಳಬೇಕಿತ್ತು. ಬೆಳಗಿನ ಕಾಫಿ ಹೊತ್ತಿಗೆ ಗಂಡನಿಗೆ ಹೇಳಿದೆ.

“ರೀ, ಅವ್ರ ಹೆಸರು ಸೇರ್ಸಿ ಅಂತ ಹೇಳ್ಬಿಡ್ಲಾ?”

ಅವರು ಲೋಟ ಕೆಳಗಿಟ್ಟರು. “ಹೇಳಿದ್ರೆ ಆ ನೋಟ್‌ಬುಕ್ಕೇ ಫ್ರಾಡ್ ಅಂತ ಆಗತ್ತೆ. ಅಪ್ಲಿಕೇಶನ್ ಬಿದ್ದೋಗತ್ತೆ. ಆಮೇಲೆ ನಿನ್ನ ಯಾರು ಸ್ಪಾನ್ಸರ್ ಮಾಡ್ತಾರೆ? ಗ್ರೀನ್ ಕಾರ್ಡ್ ಲಾಯರ್ ಏನಂದಿದ್ದ, ಪೇಟೆಂಟ್ ಇದ್ರೆ ಕೇಸ್ ಸ್ಟ್ರಾಂಗ್ ಅಂತ ತಾನೇ?” ಆಮೇಲೆ ನನ್ನ ಮುಖ ನೋಡದೆ, “ನಾನಿನ್ನೆಷ್ಟು ವರ್ಷ ಮನೇಲಿ ಕೂತ್ಕೊಳ್ಲಿ, ನೀನೇ ಹೇಳು,” ಎಂದರು.

ಕಂಪನಿಯ ವಕೀಲರ ಕಚೇರಿ ಇದ್ದದ್ದು ವಾಷಿಂಗ್ಟನ್ನಿನಲ್ಲಿ. ಸಾಹೇಬನೂ ನಾನೂ ವಿಮಾನದಲ್ಲಿ ಹೋಗಿ, ಮೆಟ್ರೋ ಹತ್ತಿ, ಕನ್ನಡಿಯ ಹಾಗೆ ಹೊಳೆಯುವ ಮೇಜಿನ ಮುಂದೆ ಕೂತೆವು. ಆ ವಕೀಲ ಸೋಯಾವನ್ನು ಹತ್ತಿರದಿಂದ ನೋಡಿದ್ದೇನಾದರೂ ಇದ್ದರೆ ಅದು ಚೀನೀ ಹೋಟೆಲಿನ ಸಾಸ್ ಬಾಟಲಿಯಲ್ಲಿ. ಸೋಯಾ ಮರ ಎಷ್ಟು ಎತ್ತರ ಬೆಳೆಯುತ್ತದೆ ಎಂದು ಕೇಳಿದ. ಆದರೆ ಕಾಗದ ಓದುವುದರಲ್ಲಿ ಹದ್ದಿನ ಕಣ್ಣು. ನನ್ನ ನೋಟ್‌ಬುಕ್ಕಿನ ಆ ಪುಟದ ಮೇಲೆ ಬೆರಳಿಟ್ಟ.

“ಈ ತಾರೀಕು ಶನಿವಾರ. ಶನಿವಾರ ಹೊಲದಲ್ಲಿ ಇದ್ದಿರಾ?”

ನಾನು ಬಾಯಿ ತೆರೆಯುವ ಮೊದಲೇ ಸಾಹೇಬ ನಕ್ಕ. “ಇವರು ಇಂಡಿಯಾದವರು. ಇವರಿಗೆ ಶನಿವಾರವೂ ಇಲ್ಲ, ಭಾನುವಾರವೂ ಇಲ್ಲ.”

ವಕೀಲನೂ ನಕ್ಕ. ನಾನೂ ನಕ್ಕೆ. ಆಮೇಲೆ ವಕೀಲ ಮತ್ತೆ ಕೇಳಿದ: “ಗಿಡವನ್ನು ಆಯ್ದವರು ನೀವೇ ತಾನೇ?”

“ಹೌದು, ನಾನೇ,” ಎಂದೆ. ಪ್ರಮಾಣದ ಕಾಗದ ಮುಂದಿಟ್ಟರು, ಸಹಿ ಹಾಕಿದೆ. ಹೊರಗೆ ಬಂದ ಮೇಲೆ ಸಾಹೇಬ ಊಟ ಕೊಡಿಸಿದ, ಚೆನ್ನಾಗಿ ಉಂಡೆ.

ಅರ್ಜಿ ಸಲ್ಲಿಸಿದ ಸಂತೋಷಕ್ಕೆ ಕಚೇರಿಯಲ್ಲಿ ಕೇಕ್ ಕತ್ತರಿಸಿದರು. ಹೊಲದವರನ್ನೂ ಕರೆದಿದ್ದರು. ಸಾಹೇಬ ನಮ್ಮಿಬ್ಬರ ಹೆಸರು ಹೇಳಿ ಚಪ್ಪಾಳೆ ಹೊಡೆಸಿಕೊಂಡ. ಆ ಹಿರಿಯ ಹೆಂಗಸು ಗೋಡೆಗೆ ಒರಗಿ ನಿಂತು ಕೇಕ್ ತಿನ್ನುತ್ತಿದ್ದರು. ಚಪ್ಪಾಳೆ ಹೊಡೆಯಲು ಅವರಿಗೆ ಕೈ ಖಾಲಿಯಿರಲಿಲ್ಲ. ನಾನು ಅವರ ಕಡೆ ನೋಡದೆ ಕಾಗದದ ತಟ್ಟೆಗಳನ್ನು ಎತ್ತಿಡುವ ಕೆಲಸ ಹಚ್ಚಿಕೊಂಡೆ.

ಎರಡು ತಿಂಗಳಲ್ಲಿ ಹೊಲದ ಕೇಂದ್ರ ಮುಚ್ಚಿತು. ಅಲ್ಲಿದ್ದವರಿಗೆಲ್ಲ ಕೆಲಸದಿಂದ ತೆಗೆದ ಕಾಗದ ಬಂತು. ಸಾಹೇಬನೂ ನಾನೂ ಉಳಿದೆವು.

ಕೊನೆಯ ವಾರ ಅವರು ನನ್ನ ಕೋಣೆಗೆ ಬಂದರು. ಊರಿನ ಹತ್ತಿರ ತರಕಾರಿ ಸಸಿ ಬೆಳೆಸುವ ನರ್ಸರಿಯೊಂದು ಸಸಿ ಆರಿಸುವವರನ್ನು ಹುಡುಕುತ್ತಿತ್ತಂತೆ. ನನ್ನಿಂದ ಒಂದು ಪತ್ರ ಬೇಕಿತ್ತು.

“ಹೆಚ್ಚೇನೂ ಬೇಡ ಡಾಕ್ಟರ್. ಗಿಡ ನೋಡಿ ಒಳ್ಳೇದು ಯಾವುದು ಅಂತ ಆರಿಸೋದು ನನಗೆ ಗೊತ್ತು ಅಂತ ಒಂದು ಮಾತು ಬರೆಯಿರಿ. ನೀವು ಕಣ್ಣಾರೆ ನೋಡಿದ್ದೀರಲ್ಲ.”

ಅಷ್ಟೇ ಕೇಳಿದ್ದು. ಕೇಕಿನ ಮಾತಾಗಲಿ ಪೇಟೆಂಟಿನ ಮಾತಾಗಲಿ ಎತ್ತಲಿಲ್ಲ. ನಾನು ಮೂರು ಸಲ ಬರೆದು ಮೂರು ಸಲ ಹರಿದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಸ್ಥಿತಿ ನನ್ನದು. ಇವರು ಗಿಡ ಆರಿಸುತ್ತಿದ್ದರು ಎಂದು ನನ್ನ ಸಹಿಯಲ್ಲಿ ಹೋದರೆ, ನಾಳೆ ಯಾರಾದರೂ ಅದನ್ನೂ ಪ್ರಮಾಣದ ಕಾಗದವನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ? ನರ್ಸರಿಯವನು ಪೇಟೆಂಟ್ ಕಚೇರಿಗೆ ಏಕೆ ಹೋಗುತ್ತಾನೆಂದು ಕೇಳಿಕೊಳ್ಳುವಷ್ಟು ಬುದ್ಧಿಯೂ ಅಂದು ಉಳಿದಿರಲಿಲ್ಲ. ಕೊನೆಗೆ ಬರೆದೆ: ‘ಇವರು ಸಮಯಕ್ಕೆ ಸರಿಯಾಗಿ ಬರುತ್ತಿದ್ದರು. ಒಪ್ಪಿಸಿದ ಕೆಲಸವನ್ನು ನನ್ನ ಸೂಚನೆಯಂತೆ ಚಾಚೂ ತಪ್ಪದೆ ಮಾಡುತ್ತಿದ್ದರು.’

ಅವರು ಕನ್ನಡಕ ಏರಿಸಿ, ನಿಂತುಕೊಂಡೇ ಓದಿದರು. ಇನ್ನೊಮ್ಮೆ ಓದಿದರು. ಆಮೇಲೆ ಕಾಗದವನ್ನು ನೀಟಾಗಿ ಮಡಚಿ ನನ್ನ ಮೇಜಿನ ಮೇಲಿಟ್ಟರು. ನಾನು ಸಾಹೇಬನನ್ನು ಇಷ್ಟು ವರ್ಷ ಯಾವ ದೃಷ್ಟಿಯಿಂದ ನೋಡುತ್ತ ಬಂದಿದ್ದೆನೋ ಅದೇ ದೃಷ್ಟಿಯಿಂದ ಅವರು ನನ್ನನ್ನು ನೋಡಿದರು.

“ಇದನ್ನು ನೀವೇ ಇಟ್ಟುಕೊಳ್ಳಿ ಡಾಕ್ಟರ್,” ಎಂದರು. “ಹೇಳಿದ ಹಾಗೆ ಕೇಳುವವರಿಗೆ ಉಪಯೋಗಕ್ಕೆ ಬರುತ್ತೆ.”

ಬಾಗಿಲು ಮೆಲ್ಲಗೆ ಹಾಕಿಕೊಂಡು ಹೋದರು. ನರ್ಸರಿಯ ಕೆಲಸ ಸಿಕ್ಕಿತೋ ಇಲ್ಲವೋ ನನಗೆ ಗೊತ್ತಿಲ್ಲ, ನಾನು ವಿಚಾರಿಸಲಿಲ್ಲ. ಮುಂದಿನ ವಸಂತದಲ್ಲಿ ಗ್ರೀನ್ ಕಾರ್ಡ್ ಬಂತು. ಗಂಡ ಶಾವಿಗೆ ಪಾಯಸ ಮಾಡಿದರು, ನಾನು ಎರಡು ಬಟ್ಟಲು ತಿಂದೆ.